ಸೀಲು ಒಡೆಯದ ಬೋನಸ್ಸು

ಎರಡು ಸಾವಿರದ ಹತ್ತನೆಯ ಇಸವಿಯ ಚೌತಿಗೆ ಆರು ದಿನ ಮುಂಚೆ, ಗೋವಾದ ಕುಂಡಯಿಯ ಒಂದು ಪ್ಲಾಸ್ಟಿಕ್ ಬಕೆಟ್ ಕಾರ್ಖಾನೆಯಲ್ಲಿ ಎಂಟು ಮಂದಿ ಕೆಲಸಗಾರರಿಗೆ ಒಟ್ಟಾಗಿ ಒಂದು ಗೊಂಬೆಯನ್ನು ಬೋನಸ್ಸಾಗಿ ನೀಡಲಾಯಿತು. ಗೊಂಬೆ ಜಪಾನಿನದು. ಒಂಬತ್ತು ಅಂಗುಲ ಎತ್ತರ ಎಂದು ಡಬ್ಬಿಯ ಮೇಲೆ ಬರೆದಿತ್ತಂತೆ. ಅಳೆದು ನೋಡಿದವರು ಯಾರೂ ಇಲ್ಲ, ಏಕೆಂದರೆ ಡಬ್ಬಿ ತೆರೆಯುವುದು ನಿಯಮಬಾಹಿರವಾಗಿತ್ತು.

ಡಬ್ಬಿಯನ್ನು ಎಂಟೂ ಮಂದಿಯ ಪರವಾಗಿ ಸ್ವೀಕರಿಸಿದವಳು ಚಂದವ್ವ. ಹುನಗುಂದದ ಕಡೆಯವಳು, ಹದಿನಾಲ್ಕು ವರ್ಷದಿಂದ ಗೋವಾದಲ್ಲಿದ್ದಳು. ಅಚ್ಚಿನಿಂದ ಬಿಸಿಬಿಸಿಯಾಗಿ ಬೀಳುವ ಬಕೆಟ್ಟಿನ ಅಂಚು ಕೆತ್ತಿ ಹಿಡಿಕೆ ಸಿಕ್ಕಿಸುವುದು ಅವಳ ಕೆಲಸ. ಎಲ್ಲರಿಗಿಂತ ಹಿರಿಯಳಾದ್ದರಿಂದ ಮಾಲೀಕರಾದ ನಾಗವೇಂಕರ ಸಾಹೇಬರು ಆಕೆಯನ್ನೇ ಪಾಲಕಿ ಎಂದು ನೇಮಿಸಿದರು. ಈ ಹುದ್ದೆಗೆ ಸಂಬಳವಿರಲಿಲ್ಲ. ಜವಾಬ್ದಾರಿ ಮಾತ್ರ ಇತ್ತು.

ಸಾಹೇಬರಿಗೆ ಗೊಂಬೆಯ ಹವ್ಯಾಸ ಹತ್ತಿ ಆಗ ಎರಡು ವರ್ಷ. ಮಡಗಾಂವದಲ್ಲಿ ಆಗ್ನೆಲ್ ಎಂಬುವನ ಅಂಗಡಿಯಿತ್ತು. ಜಪಾನಿನಲ್ಲಿ ಸಾವಿರದ ಮುನ್ನೂರು ರೂಪಾಯಿಗೆ ಸಿಗುವ ಯಂತ್ರಮಾನವನ ಗೊಂಬೆಯನ್ನು ಅವನು ಹದಿನೆಂಟು ಸಾವಿರಕ್ಕೆ ಮಾರುತ್ತಿದ್ದ. ಅಲ್ಲಿ ತಯಾರಿಕೆ ನಿಂತಿದೆ, ಇನ್ನು ಸಿಗುವುದಿಲ್ಲ ಎನ್ನುತ್ತಿದ್ದ. ಮುಂದಿನ ತಿಂಗಳು ಅಂಥದ್ದೇ ಇನ್ನೊಂದು ಸಿಗುತ್ತಿತ್ತು, ಇಪ್ಪತ್ತೆರಡು ಸಾವಿರಕ್ಕೆ. ಸಾಹೇಬರು ಅದನ್ನೂ ಕೊಳ್ಳುತ್ತಿದ್ದರು. ಹೀಗೆ ಕೊನೆಯದನ್ನು ನಲವತ್ತೆಂಟು ಸಾವಿರಕ್ಕೆ ಕೊಂಡ ದಿನ ಅವರ ಬಳಿಯಿದ್ದ ನಲವತ್ತು ಡಬ್ಬಿಗಳ ಬೆಲೆಯೂ ತಲಾ ನಲವತ್ತೆಂಟು ಸಾವಿರವಾಯಿತು. ಅಂದು ಅವರು ಕಾರ್ಖಾನೆಯಲ್ಲಿ ಪೇಡೆ ಹಂಚಿದರು.

ಡಬ್ಬಿಗಳಿಗೆ ಸೆಕೆ ಆಗದೆಂದು ಕೆಲಸಗಾರರು ಉಣ್ಣುವ ಕೋಣೆಗೆ ಎ.ಸಿ. ಹಾಕಿಸಿ, ಡಬ್ಬಿಗಳನ್ನು ಅಲ್ಲಿ ಇರಿಸಲಾಯಿತು. ಕೆಲಸಗಾರರು ಗೇರುಮರದ ಕೆಳಗೆ ಉಣ್ಣತೊಡಗಿದರು. ಮರದ ಕೆಳಗೆ ಗಾಳಿ ಚೆನ್ನಾಗಿದೆ ಎಂದು ಸೂಪರ್‌ವೈಸರ್ ಗೂಡುಸಾಬ ನೋಟಿಸ್ ಬೋರ್ಡಿನ ಇಂಗ್ಲಿಷನ್ನು ಕನ್ನಡಕ್ಕೆ ತಂದು ತಿಳಿಸಿದ.

ಬೋನಸ್ಸಿನ ದಿನ ಓದಿದ ನೋಟಿಸೂ ಅವನದೇ ಅನುವಾದ:

"ತಲಾ ಆರು ಸಾವಿರದಂತೆ ಎಂಟು ಮಂದಿಯ ಬೋನಸ್ಸು ನಲವತ್ತೆಂಟು ಸಾವಿರ ಆಗುತ್ತದೆ. ನಗದು ಕೊಟ್ಟರೆ ಖರ್ಚಾಗುತ್ತದೆ. ಆದ್ದರಿಂದ ಖರ್ಚಾಗದ ವಸ್ತುವನ್ನು ಕೊಡಲಾಗಿದೆ. ಡಬ್ಬಿಯನ್ನು ತೆರೆಯಕೂಡದು. ಬಿಸಿಲಿಗೆ ಇಡಕೂಡದು. ನೀರು ತಾಗಿಸಕೂಡದು. ಡಬ್ಬಿಯ ಬಳಿ ಒಗ್ಗರಣೆ ಹಾಕಕೂಡದು. ಮಕ್ಕಳಿಗೆ ತೋರಿಸಕೂಡದು."

"ಇದು ಏನ್ ಮಾಡ್ತೈತ್ರಿ?" ಎಂದು ಚಂದವ್ವ ಕೇಳಿದಳು.

"ಏನೂ ಮಾಡಂಗಿಲ್ಲ," ಎಂದ ಗೂಡುಸಾಬ. "ಅದಕ್ಕ ಇಷ್ಟು ರೇಟು."

ಚಂದವ್ವ ಆ ಆರು ಸಾವಿರವನ್ನು ನಂಬಿಕೊಂಡಿದ್ದಳು. ಅವಳ ಬಾಡಿಗೆ ಖೋಲಿಯ ತಗಡು ಜೂನಿನಲ್ಲೇ ತೂತು ಬಿದ್ದಿತ್ತು. ಬೇಕಾದರೆ ನೀವೇ ಹಾಕಿಸಿಕೊಳ್ಳಿ ಎಂದು ಖೋಲಿಯ ಒಡತಿ ಕೈತೊಳೆದುಕೊಂಡಿದ್ದಳು. ಮೂರು ತಿಂಗಳಿಂದ ತಾಡಪತ್ರಿಯೊಂದನ್ನು ಮೇಲೆ ಹೊದಿಸಿ ಗಂಡ ಪರಮಣ್ಣ ಕಲ್ಲು ಹೇರಿದ್ದ. ಆ ಸಂಜೆ ಡಬ್ಬಿ ಮನೆಗೆ ಬಂದ ಮೇಲೆ ಮಳೆ ಜೋರಾಯಿತು. ಎಲ್ಲಿ ಇಟ್ಟರೂ ಹನಿ. ಕೊನೆಗೆ ಪರಮಣ್ಣ ತಾಡಪತ್ರಿ ಕೆಳಗಿಳಿಸಿ ಡಬ್ಬಿಗೆ ಸುತ್ತಿದ. ಬಳಿಕ ಗಂಡ ಹೆಂಡತಿ, ಮಗಳು ಅಶ್ವಿನಿ ಮೂವರೂ ತಲೆಯ ಮೇಲೆ ಒಂದೊಂದು ಬಕೆಟ್ ಬೋರಲು ಹಾಕಿಕೊಂಡು ಗೋಡೆಗೆ ಆತು ಕೂತರು.

"ಎಂಟು ಮಂದಿ ಆಸ್ತಿ ಅದು," ಎಂದಳು ಚಂದವ್ವ. "ನಾವು ತೊಯ್ದ್ರ ಒಣಗ್ತೀವಿ."

ಪರಮಣ್ಣ ಇದನ್ನು ಒಪ್ಪಿದ. ಮೂರನೆಯ ದಿನ ಅಶ್ವಿನಿಗೆ ಜ್ವರ ಬಂದಾಗ ಮಾತ್ರ ಅವನ ಒಪ್ಪಿಗೆ ಸಡಿಲವಾಯಿತು. "ಮಾರಿಬಿಡು," ಎಂದ.

ಮರುದಿನ ಗೇರುಮರದ ಕೆಳಗೆ ಚಂದವ್ವ ಉಳಿದ ಏಳು ಮಂದಿಯನ್ನು ಕೇಳಿದಳು. ಯಾರದೂ ತಕರಾರಿರಲಿಲ್ಲ. ಅಚ್ಚಿನ ಯಂತ್ರ ನಡೆಸುವ ಯಮನೂರ ಮಾತ್ರ, "ಒಮ್ಮಿ ಒಳಗ ಏನೈತಿ ನೋಡೇ ಮಾರೂಣು," ಎಂದ. ಅವನನ್ನು ಎಲ್ಲರೂ ಸೇರಿ ಸುಮ್ಮನಾಗಿಸಿದರು. ವಾರದ ರಜೆಯ ದಿನ ಚಂದವ್ವ ಮತ್ತು ಯಮನೂರ ಡಬ್ಬಿಯನ್ನು ಸೀರೆಯಲ್ಲಿ ಕಟ್ಟಿಕೊಂಡು ಬಸ್ಸಿನಲ್ಲಿ ಮಡಗಾಂವಕ್ಕೆ ಹೋದರು. ಡಬ್ಬಿಗೆ ಸೀಟು ಸಿಕ್ಕಿತು. ಅವರು ನಿಂತರು.

ಆಗ್ನೆಲ್ ಬಿಳಿ ಕೈಗವಸು ತೊಟ್ಟು, ಭೂತಗನ್ನಡಿ ಹಿಡಿದು ಡಬ್ಬಿಯ ನಾಲ್ಕೂ ಮೂಲೆ ಪರೀಕ್ಷಿಸಿ, "ಎರಡು ಸಾವಿರ," ಎಂದ.

"ಹೋದ ತಿಂಗಳು ನೀವ ನಮ್ಮ ಸಾಹೇಬರಿಗೆ ನಲವತ್ತೆಂಟಕ್ಕ ಕೊಟ್ಟೀರಲ್ರಿ," ಎಂದಳು ಚಂದವ್ವ.

"ಅದು ಮಾರುವ ಬೆಲೆ. ಇದು ಕೊಳ್ಳುವ ಬೆಲೆ," ಎಂದು ಆಗ್ನೆಲ್ ತಾಳ್ಮೆಯಿಂದ ವಿವರಿಸಿದ. "ಎರಡು ಬೇರೆ ಬೇರೆ ಬೆಲೆ."

"ಹಂಗಾರ ನಲವತ್ತೆಂಟಕ್ಕ ತಗೊಳ್ಳಾವರು ಯಾರ್ರಿ?"

ಆಗ್ನೆಲ್ ಕೈಗವಸು ಕಳಚಿದ. ಪ್ರಾಮಾಣಿಕ ಮನುಷ್ಯ. "ಗೋವಾದಲ್ಲಿ ನಿಮ್ಮ ಸಾಹೇಬರೊಬ್ಬರೇ," ಎಂದ.

ಚಂದವ್ವ ನಾಳೆ ಹೇಳ್ತೀನಿ ಎಂದು ಡಬ್ಬಿಯನ್ನು ಮತ್ತೆ ಸೀರೆಯಲ್ಲಿ ಕಟ್ಟಿದಳು. ಅವರು ಕುಂಡಯಿ ತಲುಪುವಷ್ಟರಲ್ಲಿ ಆಗ್ನೆಲನ ಫೋನು ಸಾಹೇಬರಿಗೆ ತಲುಪಿತ್ತು.

ಮರುದಿನ ಬೆಳಿಗ್ಗೆ ಚಂದವ್ವನನ್ನು ಡಬ್ಬಿಗಳ ಕೋಣೆಗೆ ಕರೆಸಲಾಯಿತು. ಎ.ಸಿ. ಹಾಕಿಸಿದ ಮೇಲೆ ಅವಳು ಆ ಗಾಳಿಗೆ ಮೈಯೊಡ್ಡಿದ್ದು ಅದೇ ಮೊದಲು. ಸಾಹೇಬರ ಮುಖ ಬಿಳಿಚಿಕೊಂಡಿತ್ತು. ಅವರು ತಮ್ಮ ಕೊಂಕಣಿ ಬೆರೆತ ಹಿಂದಿಯಲ್ಲಿ ಹೇಳಿದ್ದರ ಸಾರಾಂಶ ಇಷ್ಟು: ಒಂದು ಡಬ್ಬಿ ಎರಡು ಸಾವಿರಕ್ಕೆ ಮಾರಿಹೋದರೆ ನಲವತ್ತೂ ಡಬ್ಬಿಯ ಬೆಲೆ ಎರಡು ಸಾವಿರ ಆಗುತ್ತದೆ. ಈ ಡಬ್ಬಿಗಳನ್ನು ತೋರಿಸಿ ಅವರು ಒಂದು ಪತ್ತಿನ ಸೊಸೈಟಿಯಲ್ಲಿ ಹನ್ನೆರಡು ಲಕ್ಷ ಸಾಲ ಎತ್ತಿದ್ದಾರೆ. ಸೊಸೈಟಿಯವರು ಗೊಂಬೆ ನೋಡಿಲ್ಲ, ಬೆಲೆ ನೋಡಿದ್ದಾರೆ.

"ಮಾರಬೇಡ, ಮಾವಶಿ," ಎಂದರು ಸಾಹೇಬರು. "ಅದು ನಿಮ್ಮದೇ ಆಸ್ತಿ. ಆದ್ದರಿಂದ ಮಾರುವಂತಿಲ್ಲ."

ಚಂದವ್ವ ಸೆರಗು ಹೊದ್ದುಕೊಂಡಳು. ಒಳಗೆ ಚಳಿಯಾಗುತ್ತಿತ್ತು. ಜ್ವರದಲ್ಲಿ ಮಲಗಿದ ಅಶ್ವಿನಿಯ ನೆನಪಾಯಿತು. ಸಿಟ್ಟೂ ಬಂತು. ಆದರೆ ಸಿಟ್ಟು ತೋರಿಸುವ ಅಭ್ಯಾಸ ಇರಲಿಲ್ಲವಾದ್ದರಿಂದ ಲೆಕ್ಕ ತೋರಿಸಿದಳು.

"ನಮ್ಮ ಮನಿ ಸೋರ್ತೈತ್ರಿ. ಇನ್ನೊಂದು ಮಳಿ ಬಂದ್ರ ನಿಮ್ಮ ಡಬ್ಬಿ ಮೆತ್ತಗಾಗಿ ರದ್ದಿ ಆಗ್ತೈತಿ. ಅದಕ್ಕಿಂತ ಎರಡು ಸಾವಿರ ಚಲೋ ಅಲ್ರಿ? ಇವತ್ತ ಸಂಜಿ ಬಸ್ಸಿಗೆ ಹೊಂಟೀನಿ. ಬ್ಯಾಡ ಅಂದ್ರ ನೀವ ತಗೋರಿ."

"ಎಷ್ಟಕ್ಕೆ?"

"ನಿಮ್ಮ ನೋಟಿಸಿನ್ಯಾಗ ಎಷ್ಟೈತಿ ಅಷ್ಟಕ್ಕ."

ಸಾಹೇಬರು ಕಣ್ಣು ಮುಚ್ಚಿದರು. ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದಂತೆ ಅವರ ಮುಖಕ್ಕೆ ಮೆಲ್ಲಗೆ ಬಣ್ಣ ಬಂತು. ನಲವತ್ತೆಂಟು ಬೇಡ ಎಂದರು. ಅದೇ ಬೆಲೆಗೆ ಕೊಂಡರೆ ಮಾರುಕಟ್ಟೆ ನಿಂತುಹೋಗಿದೆ ಎಂದು ಸೊಸೈಟಿಗೆ ಅನುಮಾನ ಬರುತ್ತದೆ. ಐವತ್ತೆರಡು ಕೊಡುತ್ತೇನೆ ಎಂದರು.

ಚಂದವ್ವ ಚೌಕಾಸಿ ಮಾಡಲಿಲ್ಲ.

ಹೀಗೆ ಎಂಟು ಮಂದಿಗೂ ತಲಾ ಆರೂವರೆ ಸಾವಿರ ನಗದು ಸಿಕ್ಕಿತು. ಚಂದವ್ವ ಅಶ್ವಿನಿಯನ್ನು ಡಾಕ್ಟರಿಗೆ ತೋರಿಸಿ, ಹೊಸ ತಗಡು ಹಾಕಿಸಿದಳು. ಜಪಾನೀ ಗೊಂಬೆಗಳ ಮಾರುಕಟ್ಟೆ ಒಂದೇ ವಾರದಲ್ಲಿ ಶೇಕಡಾ ಎಂಟಕ್ಕಿಂತ ಹೆಚ್ಚು ಏರಿದೆ ಎಂದು ನೋಟಿಸ್ ಬಿತ್ತು. ಅದನ್ನು ಕಂಡು ಸೊಸೈಟಿಯವರು ಇನ್ನೂ ಒಂದೂವರೆ ಲಕ್ಷ ಕೊಟ್ಟರು. ಬೋನಸ್ಸಿಗೆ ಕೊಟ್ಟ ಹಣ ಅದರಲ್ಲೇ ಸಾಹೇಬರಿಗೆ ಮರಳಿ ಬಂತು.

ಮರುವರ್ಷ ಚೌತಿಗೆ ಅದೇ ಡಬ್ಬಿಯನ್ನು ಬೋನಸ್ಸಾಗಿ ಕೊಡಲಾಯಿತು. ಕೆಲಸಗಾರರು ಮಾರುವುದಾಗಿ ಲಿಖಿತ ಬೆದರಿಕೆ ಸಲ್ಲಿಸಿದರು. ಬೆದರಿಕೆಯ ನಮೂನೆಯನ್ನು ಸಾಹೇಬರ ಆಫೀಸೇ ಅಚ್ಚು ಹಾಕಿಸಿ ಕೊಟ್ಟಿತ್ತು, ಹೆಸರು ತುಂಬಿದರೆ ಸಾಕು. ಸಾಹೇಬರು ನಿಯಮದಂತೆ ಗಾಬರಿಯಾಗಿ ಅರವತ್ತಕ್ಕೆ ಮರಳಿ ಕೊಂಡರು.

ಎರಡು ಸಾವಿರದ ಹನ್ನೆರಡರ ಚೌತಿಗೆ ಮುಂಚಿನ ದಿನಗಳಲ್ಲಿ, ಗೇರುಮರದ ಕೆಳಗೆ ರೊಟ್ಟಿ ಮುರಿಯುತ್ತ ಯಮನೂರ ಒಂದು ಸಲಹೆ ಮುಂದಿಟ್ಟ.

"ಅಲ್ಲಬೇ ಚಂದಕ್ಕ, ಡಬ್ಬಿ ಕೊಡೂದು, ನಾವು ಹೆದರಿಸೂದು, ಅವರು ಹೊಳ್ಳಿ ತಗೊಳ್ಳೂದು. ಇಷ್ಟೆಲ್ಲಾ ಯಾಕ? ಸೀದಾ ರೊಕ್ಕಾನ ಕೊಡ್ರಿ ಅಂತ ಕೇಳಿದ್ರ ಆಗಂಗಿಲ್ಲೇನು?"

ಉಣ್ಣುತ್ತಿದ್ದವರೆಲ್ಲ ಕೈ ನಿಲ್ಲಿಸಿ ಅವನನ್ನು ನೋಡಿದರು. ಜೊತೆ ಕೆಲಸಗಾರ್ತಿ ಮುಮ್ತಾಜ ಕನಿಕರದಿಂದ ಅವನ ಕಡೆ ಒಂದು ಉಳ್ಳಾಗಡ್ಡಿ ಸರಿಸಿದಳು.

"ನಿನಗ ಬುದ್ಧಿ ಐತೇನೋ?" ಎಂದಳು ಚಂದವ್ವ. "ಗೊಂಬಿ ಇಲ್ಲದ, ಬರೇ ದುಡದದ್ದಕ್ಕ ರೊಕ್ಕ ಕೊಡು ಅಂದ್ರ ಯಾವ ಸಾಹೇಬ ಕೊಡ್ತಾನ?"

ಯಮನೂರ ಒಂದು ತುತ್ತು ನುಂಗುವಷ್ಟು ಹೊತ್ತು ವಿಚಾರ ಮಾಡಿದ. ಮಾತು ಖರೆ ಅನಿಸಿತು.

"ಹಂಗಾರ ಈ ಸಲ ಡಬ್ಬಿ ಯಾರ ಮನ್ಯಾಗ ಇಡೂದು?" ಎಂದು ಕೇಳಿದ.