ಬಾಗಿಲ ಹಿಂದೆ ಯಾರು ಎಂಬ ಬಗ್ಗೆ ಆದೋನಿಯ ಅಭಿಪ್ರಾಯಗಳು

ಮೋಟಾರ್ ಸುಟ್ಟುಕೊಂಡು ವೈಂಡಿಂಗ್ ಅಂಗಡಿಗೆ ಬಂದವನು ಸುಮ್ಮನೆ ಕೂಡುವುದಿಲ್ಲ. ನಾವು ತಾಮ್ರದ ತಂತಿ ಸುತ್ತಿ, ವಾರ್ನಿಷ್ ಹಚ್ಚಿ, ಒಣಗಿಸಿ ಕೊಡುವಷ್ಟರಲ್ಲಿ ಆತ ಮಳೆ, ಎಲೆಕ್ಷನ್ನು, ನೆಂಟರ ಮನೆಯ ಜಗಳ ಎಲ್ಲ ಮುಗಿಸಿ ಹೊಸ ವಿಷಯ ಹುಡುಕುತ್ತಿರುತ್ತಾನೆ. ಹಾಗಾಗಿ ಆದೋನಿಯ ನಮ್ಮ ಅಂಗಡಿಯಲ್ಲಿ ಏನಾದರೊಂದು ತಮಾಷೆ ನಡೆಯುತ್ತಲೇ ಇರುತ್ತದೆ. ನಾನು ಯಾವುದನ್ನೂ ಕರೆದು ಕೂರಿಸಿಕೊಂಡವನಲ್ಲ.

ಈಚಿನ ತಮಾಷೆಗಳೆಲ್ಲ ಇನ್ನೂ ಬಿಡುಗಡೆಯೇ ಆಗದ ಒಂದು ಗೇಮಿನ ಸುತ್ತ ನಡೆದವು. ಅದನ್ನು ಅಂಗಡಿಗೆ ತಂದವನು ನನ್ನ ಅಕ್ಕನ ಮಗ, ನನ್ನ ಸೋದರಳಿಯ. ನನ್ನ ಜೊತೆಯಲ್ಲೇ ಕೆಲಸ ಮಾಡುತ್ತಾನೆ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು. ಎದುರಿಗಿದ್ದವರು ಒಂದು ತಪ್ಪು ಮಾತಾಡಿದರೆ ತಿದ್ದದೆ ಬಿಡುವವನಲ್ಲ. ಹೆಣ್ಣು ನೋಡಲು ಹೋದ ಮನೆಗಳಲ್ಲೂ ಬಿಟ್ಟಿಲ್ಲ. ಹುಡುಗಿಯ ತಂದೆ, ಚಿಕ್ಕಪ್ಪ, ಕಾಫಿ ತಂದ ಅಜ್ಜಿ, ಯಾರನ್ನೂ ಬಿಡದೆ ತಿದ್ದಿ ಬಂದಿದ್ದಾನೆ. ಎಲ್ಲ ಕಡೆಯಿಂದಲೂ "ವಿಚಾರ ಮಾಡಿ ತಿಳಿಸ್ತೀವಿ" ಎಂಬ ಮಾತು ಬಂತು, ಯಾರೂ ತಿಳಿಸಲಿಲ್ಲ. ಮೂವತ್ತರ ಹತ್ತಿರ ಬಂದ ಇವನಿಗೆ ಮದುವೆ ಆಗುತ್ತದೋ ಇಲ್ಲವೋ ಎಂಬುದು ಅಕ್ಕನ ಚಿಂತೆ. ಅಕ್ಕನ ಚಿಂತೆ ಎಂದರೆ ನನ್ನ ತಲೆನೋವು.

ಆ ಗೇಮಿನ ಶುರುವಿನ ಎರಡು ನಿಮಿಷ ಎಲ್ಲಿಂದಲೋ ಲೀಕ್ ಆಗಿತ್ತು. ಯಾರೋ ಪುಣ್ಯಾತ್ಮ ಕಂಪ್ಯೂಟರ್ ಪರದೆಯನ್ನು ಮೊಬೈಲಿನಲ್ಲಿ ಕದ್ದು ಹಿಡಿದದ್ದು, ಚಿತ್ರ ನಡುಗುತ್ತದೆ. ಆಕಾಶದಲ್ಲಿ ಹೋಗುವ ಒಂದು ದೊಡ್ಡ ಹಡಗು. ಒಳಗೆ ಕತ್ತಲು, ಒಂದೇ ಒಂದು ಕೆಂಪು ದೀಪ. ಸ್ವೀಟ್ ಅಂಗಡಿಯ ಗಾಜಿನ ಫ್ರಿಜ್ಜಿನಂಥ ಪೆಟ್ಟಿಗೆಯಲ್ಲಿ ಒಬ್ಬ ಹೆಂಗಸು ಮಲಗಿದ್ದಾಳೆ. ಪೆಟ್ಟಿಗೆ ತೆರೆಯುತ್ತದೆ. ಆಕೆ ಎದ್ದು ಬರಿಗಾಲಲ್ಲಿ ಉದ್ದಕ್ಕೆ ನಡೆದು ಒಂದು ಬಾಗಿಲಿಗೆ ಕೈ ಇಡುತ್ತಾಳೆ. ಬಾಗಿಲು ಒಂದು ಗೇಣು ಸರಿಯುತ್ತದೆ, ಆ ಕಡೆಯಿಂದ ಬೆಳಕು ಬರುತ್ತದೆ, ವಿಡಿಯೋ ಮುಗಿಯುತ್ತದೆ. ಬಾಗಿಲ ಹಿಂದೆ ಯಾರಿದ್ದಾರೆ ಎಂದು ಜಗತ್ತಿನ ಹುಡುಗರೆಲ್ಲ ತಲೆ ಕೆರೆದುಕೊಳ್ಳುತ್ತಿದ್ದರು. ನಮ್ಮವನ ಪ್ರಕಾರ ಬಾಗಿಲ ಹಿಂದೆ ಯಾರೂ ಇಲ್ಲ. ಅಲ್ಲಿರುವುದು ನಮ್ಮ ಭೂಮಿಯೇ, ಹಡಗು ಹೊರಟೇ ಇಲ್ಲ. ಇದನ್ನು ಒಪ್ಪದವರ ಮೋಟಾರ್ ಅವನ ಕೈಯಲ್ಲಿ ತಡವಾಗುತ್ತಿತ್ತು.

ಚಪ್ಪಲಿ

ಆಸ್ಪರಿ ಕಡೆಯ ಒಬ್ಬ ಹಿರಿಯರು ಹೊಲದ ಬೋರಿನ ಮೋಟಾರ್ ತಂದು ಕೂತಿದ್ದರು. ಹುಟ್ಟಿದಾಗಿನಿಂದ ಕುರಿಗಳ ಜೊತೆ ಬೆಳೆದವರು. ಅಳಿಯ ಅವರ ಮುಂದೆ ಮೊಬೈಲ್ ಹಿಡಿದ. ಅವರು ಕನ್ನಡಕ ಇಲ್ಲದೆ ಒಮ್ಮೆ ನೋಡಿದರು, ಹಾಕಿಕೊಂಡು ಮತ್ತೊಮ್ಮೆ ನೋಡಿದರು.

"ಈಕಿ ಮನುಷ್ಯಳಲ್ಲಪ್ಪಾ," ಎಂದರು.

"ಯಾಕ್ರೀ ತಾತಾ?"

"ನಿದ್ದಿಯಿಂದ ಎದ್ದೋರು ಯಾರರ ಇರ್ಲಿ, ಮೊದ್ಲು ಕಾಲಾಗ ಚಪ್ಲಿ ಹುಡುಕ್ತಾರ. ಇಲ್ಲಾಂದ್ರ ನೀರು ಕೇಳ್ತಾರ. ಈಕಿ ಎರಡೂ ಮಾಡ್ಲಿಲ್ಲ, ಸೀದಾ ಬಾಗ್ಲಿಗೆ ಹೋದ್ಳು. ಹಂಗ ಕುರಿ ಹೋಗ್ತಾವ."

"ಅಂದ್ರ ಈಕಿ ಕುರಿ ಅಂತೀರೇನು?"

"ಕುರಿ ಅಂತ ನಾ ಅಂದ್ನೇನು? ಮನುಷ್ಯಳಲ್ಲ ಅಂದೆ, ಅಷ್ಟ."

ಅಳಿಯ ಇದನ್ನು ಇಂಗ್ಲಿಷಿಗೆ ತಿರುಗಿಸಿ ಗೇಮಿನ ಅಭಿಮಾನಿಗಳ ಗ್ರೂಪಿನಲ್ಲಿ ಹಾಕಿದ. ಸ್ವಲ್ಪ ದಿನದಲ್ಲಿ ಯಾವುದೋ ದೇಶದ ಗಡ್ಡದವನೊಬ್ಬ ಅದರ ಮೇಲೆ ಉದ್ದನೆಯ ವಿಡಿಯೋ ಮಾಡಿದ. ಆಕೆ ಯಂತ್ರ, ಯಾಕೆಂದರೆ ಚಪ್ಪಲಿ ಹುಡುಕಲಿಲ್ಲ ಎಂದು ಬಾಣದ ಗುರುತು ಹಾಕಿ, ಕೆಂಪು ಗೆರೆ ಎಳೆದು ತೋರಿಸಿದ. ಹಿರಿಯರು ಮೋಟಾರ್ ಒಯ್ಯಲು ಬಂದಾಗ ಅಳಿಯ ಅದನ್ನು ಹಚ್ಚಿ, ಮಾತು ಮಾತಿಗೂ ಅರ್ಥ ಹೇಳಿದ. ಅವರು ತಾಳ್ಮೆಯಿಂದ ಕೊನೆಯವರೆಗೆ ಕೇಳಿ ನನ್ನ ಕಡೆ ತಿರುಗಿದರು.

"ಇಷ್ಟು ಹೇಳಾಕ ಅರ್ಧ ತಾಸು ತೊಗೊಂಡಾನ. ಪಾಪ, ಇವ್ಗ ಹೊಲ ಮನಿ ಏನೂ ಇಲ್ಲೇನು?"

ಕರೆಂಟು

ಈ ಹುಡುಗಾಟಿಕೆಗೆ ನಾನು ಬೀಳುವವನಲ್ಲ ಎಂದುಕೊಂಡಿದ್ದೆ. ಆದರೆ ಒಂದು ಸಂಶಯ ಗಂಟಲಲ್ಲಿ ಸಿಕ್ಕಿಕೊಂಡಿತು. ಹಡಗಿನಲ್ಲಿ ದೀಪಗಳೆಲ್ಲ ಆರಿವೆ, ಬಾಗಿಲು ಮಾತ್ರ ತಾನಾಗಿ ಸರಿಯುತ್ತದೆ. ಅಂಥ ಬಾಗಿಲು ಸರಿಯಲು ಮೋಟಾರ್ ಬೇಕು, ಮೋಟಾರಿಗೆ ಕರೆಂಟ್ ಬೇಕು. ಇದು ನನ್ನ ಕಸುಬಿನ ಪ್ರಶ್ನೆ, ಬಿಡಲು ಬರುತ್ತದೆಯೇ? ಊಟಕ್ಕೆ ಕೂತರೂ ಅದೇ ಯೋಚನೆ. ಕೊನೆಗೆ ನಾಚಿಕೆ ಬಿಟ್ಟು ಅಳಿಯನ ಮೊಬೈಲ್ ಕೇಳಿ ತೆಗೆದುಕೊಂಡು ಆ ಬಾಗಿಲನ್ನೇ ಹಿಂದೆ ಮುಂದೆ ಓಡಿಸಿ ನೋಡತೊಡಗಿದೆ.

ದೇವನಕೊಂಡದ ಒಬ್ಬ ರೈತ ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದ. "ಇದ್ರಾಗ ಏನೈತಣ್ಣಾ ಯೋಚ್ನಿ ಮಾಡಾದು? ಸಿಂಗಲ್ ಫೇಸ್ ಐತಿ, ಥ್ರೀ ಫೇಸ್ ಹೋಗೈತಿ. ಅದಕ್ಕ ಒಂದ ದೀಪ ಉರಿತೈತಿ. ಏಸಿ ನಿಂತು ಸೆಕಿ ಆಗಿ ಆಕಿಗೆ ಎಚ್ಚರ ಆಗೈತಿ. ಕರೆಂಟ್ ಯಾಕ ಹೋತಂತ ಕೇಳಾಕ ಹೊಂಟಾಳ."

"ಯಾರನ್ನ ಕೇಳಾಕ?"

"ಲೈನ್‌ಮನ್‌ನ. ಬಾಗಿಲ ಹಿಂದ ಅವನಾ ಇರಾದು."

ಅಳಿಯನಿಗೆ ತಡೆಯಲಾಗಲಿಲ್ಲ. "ಆಕಾಶದಾಗ ಲೈನ್‌ಮನ್ ಹೆಂಗ ಇರ್ತಾನ್ರೀ? ಇದ್ದ ಅಂತ ಇಟ್ಕೊಳ್ರಿ, ಆಕಿ ಅಷ್ಟು ದೂರ ಯಾಕ ನಡಕೊಂಡು ಹೋಗ್ಬೇಕು?"

ರೈತ ಅವನನ್ನು ಕರುಣೆಯಿಂದ ನೋಡಿದ. "ಫೋನ್ ಎತ್ತಿರಂಗಿಲ್ಲಪ್ಪಾ."

ಕೆಮ್ಮು

ಆ ವಿಡಿಯೋದಲ್ಲಿ ಇರುವುದು ಒಂದೇ ಶಬ್ದ. ಕದ್ದು ಹಿಡಿಯುತ್ತಿದ್ದವನು ನಡುವೆ ಎರಡು ಸಲ ಕೆಮ್ಮುತ್ತಾನೆ. ಅವನು ಯಾರು, ಯಾವ ಊರಿನವನು, ಕಂಪನಿಯವನೇ ಇರಬಹುದೇ ಎಂದು ಆ ಕೆಮ್ಮಿನಿಂದಲೇ ಕಂಡುಹಿಡಿಯಲು ಒಂದು ಗುಂಪು ಹೊರಟಿತ್ತು. ಅಳಿಯನೂ ಅದರಲ್ಲಿದ್ದ. ಇಡೀ ಮಧ್ಯಾಹ್ನ ಅಂಗಡಿಯಲ್ಲಿ ಅದೇ ಕೆಮ್ಮು.

ಅಕ್ಕ ರೊಟ್ಟಿ, ಪುಂಡಿಪಲ್ಯ ಕಟ್ಟಿಕೊಂಡು ಬಂದವಳು ಬಾಗಿಲಲ್ಲೇ ನಿಂತಳು. "ಯಾರೋ ಅದು ಕೆಮ್ಮಾದು?"

ಮಗ ವಿಡಿಯೋ ತೋರಿಸಿದ. ಆಕಾಶದ ಹಡಗು, ಪೆಟ್ಟಿಗೆ, ಬಾಗಿಲು, ಬೆಳಕು, ಯಾವುದೂ ಅಕ್ಕನ ಕಣ್ಣಿಗೆ ಬೀಳಲಿಲ್ಲ.

"ಇದು ಒಣ ಕೆಮ್ಮು," ಎಂದಳು. "ಎದಿ ಕಟ್ಟೈತಿ ಹುಡುಗನಿಗೆ. ಕೈ ಹೆಂಗ ನಡಗಾಕತ್ಯಾವ ನೋಡು. ಲಗ್ನ ಆಗಿಲ್ಲ ಅನಸ್ತೈತಿ, ನೋಡ್ಕಳ್ಳಾಕ ಯಾರೂ ಇಲ್ಲ. ಕಷಾಯ ಕುಡದು ಕೆಮ್ಮು ಒಂದು ಕಡಿಮಿ ಮಾಡ್ಕೊಂಡ್ರ ಹೆಣ್ಣು ಸಿಗ್ತೈತಿ ಅವ್ಗ."

ಆಮೇಲೆ ತನ್ನ ಮಗನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. "ನಮ್ಮವ್ಗ ಕೆಮ್ಮೂ ಇಲ್ಲ."

ಹೆಣ್ಣಿನ ಕಡೆಯವರ ಬೇಡಿಕೆ

ಆಗ ಬಂದದ್ದು ಎಮ್ಮಿಗನೂರಿನ ಸಂಬಂಧ. ಹುಡುಗಿಯ ತಂದೆ ಮಗ್ಗದವರು. ಹುಡುಗಿಗೆ ನಮ್ಮಲ್ಲಿ ವಾರ್ಡಿಗೊಂದು ಇರುವ ಸಚಿವಾಲಯದಲ್ಲಿ ಕೆಲಸ. ದಾರಿಯುದ್ದಕ್ಕೂ ಅಕ್ಕ ಮಗನಿಗೆ ಹೇಳಿದ್ದು ಒಂದೇ ಮಾತು: "ಅವ್ರು ಎರಡೂ ಎರಡೂ ಐದು ಅಂದ್ರೂ ಹ್ಞೂಂ ಅನ್ನು."

ಮಾತಾಡಿಕೊಳ್ಳಲಿ ಎಂದು ಇಬ್ಬರನ್ನೂ ಮಗ್ಗದ ಪಕ್ಕದಲ್ಲಿ ಕೂರಿಸಿದರು. ಮರ್ಯಾದೆಯ ದೂರದಲ್ಲಿ, ಆದರೆ ಮಾತು ಕಿವಿಗೆ ಬೀಳುವ ಹಾಗೆ, ನನ್ನನ್ನೂ ಕೂರಿಸಿದರು. ಹುಡುಗಿಯೇ ಮೊದಲು ಕೇಳಿದಳು: "ನೀವೂ ಗೇಮ್ ಆಡ್ತೀರಂತಲ್ಲ. ಆ ಲೀಕ್ ನೋಡೀರೇನು?"

ನಮ್ಮವನ ಮುಖ ಬೆಳಗಿತು. "ನೋಡೀನ್ರಿ. ಅದ್ರಾಗ ಏನಾಗ್ತೈತಂದ್ರ..."

"ಅಲ್ಲಿಗೆ ನಿಲ್ಲಸ್ರಿ," ಎಂದಳು. "ನಾ ನೋಡಿಲ್ಲ, ನೋಡಂಗಿಲ್ಲ. ಮೊದಲಿಂದ ನಾನೇ ಆಡಿ ತಿಳ್ಕಬೇಕಂತ ಎಲ್ಲಾ ಗ್ರೂಪು ಬಿಟ್ಟೀನಿ. ಎಷ್ಟೋ ವರ್ಷದಿಂದ ಕಾಯಾಕತ್ತೀನಿ ನಾ ಆ ಗೇಮಿಗೆ. ಅದು ಬರೋತನ ನಿಮ್ಮ ಬಾಯಿಂದ ಒಂದ ಒಂದು ಮಾತು ಬರಬಾರ್ದು. ಆಗ್ತೈತಂದ್ರ ಹೇಳ್ರಿ, ನಮ್ಮಪ್ಪಗ ಹ್ಞೂಂ ಅಂತೀನಿ."

ಅವನು ಬಾಯಿ ತೆರೆದ. ಹಾಗೆಯೇ ಮುಚ್ಚಿಕೊಂಡು ತಲೆ ಆಡಿಸಿದ. ತೊಟ್ಟಿಲಲ್ಲಿದ್ದಾಗಿನಿಂದ ನಾನು ನೋಡಿದ ಹುಡುಗ. ತೆರೆದ ಬಾಯಿ ಮಾತಿಲ್ಲದೆ ಮುಚ್ಚಿದ್ದನ್ನು ಅವತ್ತೇ ಮೊದಲು ಕಂಡೆ. ಹುಡುಗಿ ಇವನಿಗೆ ಬಹಳ ಹಿಡಿಸಿದ್ದಾಳೆ ಎಂದು ನನಗೆ ಗೊತ್ತಾದದ್ದು ಅದರಿಂದಲೇ.

ವಿಷಯ ತಿಳಿದ ಹುಡುಗಿಯ ತಂದೆ ನನ್ನನ್ನು ಪಕ್ಕಕ್ಕೆ ಕರೆದರು. "ಲೀಕ್ ಅಂದ್ರ ಏನಂತ ನನಗ ತಿಳಿಯಂಗಿಲ್ರಿ. ಆದ್ರ ಹುಡುಗಿ ಒಳ್ಳೇದ ಮಾಡ್ಯಾಳ. ಬಾಯಿ ಮುಚ್ಚು ಅಂತ ಲಗ್ನಕ್ಕ ಮೊದ್ಲ ಹೇಳ್ಯಾಳ. ನನಗ ಲಗ್ನ ಆದ ಮ್ಯಾಲ ಹೇಳಿದ್ರು."

ಬಾಯಿಗೆ ಬೀಗ

ಗೇಮು ಮದುವೆಗೆ ಮೊದಲೇ ಬರಬೇಕಿತ್ತು. ಬಂದಿದ್ದರೆ ಪೀಡೆ ಕಳೆಯುತ್ತಿತ್ತು. ಕಂಪನಿಯವರು ಬಿಡುಗಡೆ ಮುಂದಕ್ಕೆ ಹಾಕಿದರು. ಅಳಿಯನ ಮುಖ ಸಪ್ಪಗಾಯಿತು. ಸಂಜೆ ಹುಡುಗಿಯ ಫೋನ್ ಬಂದರೆ ಊಟ, ಬಿಸಿಲು, ಮತ್ತೆ ಊಟ, ಇಷ್ಟೇ ಮಾತು. ಫೋನ್ ಇಟ್ಟ ಕೂಡಲೇ ಮೂಲೆಗೆ ಹೋಗಿ ಸುಟ್ಟ ಮೋಟಾರಿನ ಮುಂದೆ ಕೂತು ಬಾಗಿಲ ವಿಷಯವೆಲ್ಲ ಅದಕ್ಕೆ ಹೇಳುತ್ತಿದ್ದ. ಕರೆಂಟಿನ ಆಟಿಕೆಯನ್ನೂ ಮುಟ್ಟದ ಅಕ್ಕ ದಿನಾ ಬೆಳಿಗ್ಗೆ ಹಾಲಿನವನು ಬಂದನೇ ಎಂದು ಕೇಳುವ ಹಾಗೆ "ಗೇಮು ಬಂತೇನೋ?" ಎಂದು ಕೇಳುತ್ತಿದ್ದಳು.

ಕಷ್ಟ ಬೇರೆಯೇ ಇತ್ತು. ಇವನು ಬಾಯಿ ಮುಚ್ಚಿದರೇನು ಬಂತು, ಇವನೇ ಊರಿಗೆಲ್ಲ ತೋರಿಸಿಟ್ಟಿದ್ದನಲ್ಲ. ಮದುವೆಯಲ್ಲಿ ಯಾರಾದರೂ ಹುಡುಗಿಯ ಮುಂದೆ ಬಾಯಿ ಬಿಟ್ಟರೆ? ಲಗ್ನಪತ್ರಿಕೆ ಹಂಚುವಾಗ ನಾನು ಮನೆಮನೆಯಲ್ಲೂ ಕೈ ಮುಗಿದು ಹೇಳಿದೆ: "ಎಲ್ಲಾರೂ ಬರ್ರಿ, ಹೊಟ್ಟಿ ತುಂಬ ಉಣ್ರಿ, ಬಾಗಿಲ ಮಾತು ಮಾತ್ರ ಎತ್ತಬ್ಯಾಡ್ರಿ." ಎಮ್ಮಿಗನೂರಿನಲ್ಲಿ ಹುಡುಗಿಯ ಸೋದರತ್ತೆಯವರು ಗಾಬರಿಯಾಗಿ, "ಯಾಕಪ್ಪಾ, ಮಂಟಪಕ್ಕ ಬಾಗಿಲ ಇಲ್ಲೇನು?" ಎಂದರು. ಇಲ್ಲ ಎಂದೆ. ವಿವರಿಸುವುದಕ್ಕಿಂತ ಅದು ಸುಲಭವಾಗಿತ್ತು.

ಬ್ಯಾಂಡಿನವರಿಗೆ ಹೇಳಿದೆ, ಅಡುಗೆಯವರಿಗೆ ಹೇಳಿದೆ, ಫೋಟೋದವನಿಗೆ ಎರಡು ಸಲ ಹೇಳಿದೆ.

ಅಂತರಪಟ

ಪುರೋಹಿತರಿಗೆ ಹೇಳಿರಲಿಲ್ಲ. ಎಪ್ಪತ್ತು ದಾಟಿದವರು, ಅವರಿಗೇನು ಹೇಳುವುದು ಎಂದು ಬಿಟ್ಟಿದ್ದೆ.

ಮುಹೂರ್ತಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು. ಹುಡುಗ ಹುಡುಗಿ ಎದುರು ಬದುರು ಕೂತಿದ್ದರು. ಮಧ್ಯದ ಅಂತರಪಟದ ಒಂದು ತುದಿ ನನ್ನ ಕೈಯಲ್ಲಿ, ಇನ್ನೊಂದು ತುದಿ ಹುಡುಗಿಯ ಸೋದರಮಾವನ ಕೈಯಲ್ಲಿ. ಮುಹೂರ್ತದ ಗಳಿಗೆಗೆ ಒಬ್ಬರು ಇನ್ನೊಬ್ಬರ ತಲೆಯ ಮೇಲೆ ಇಡಬೇಕಾದ, ಅರೆದ ಜೀರಿಗೆ ಬೆಲ್ಲ ಇಬ್ಬರ ಅಂಗೈಯಲ್ಲೂ ಸಿದ್ಧವಾಗಿತ್ತು. ಪುರೋಹಿತರು ಗಡಿಯಾರ ನೋಡಿದರು. ಅವರ ಕೊರಳಿಗೆ ಮೈಕು ಸಿಕ್ಕಿಸಿದ್ದರು.

"ಇನ್ನೂ ಟೈಮ್ ಐತಿ," ಎಂದರು. ಮಾತು ಮಂಟಪವೆಲ್ಲ ಕೇಳಿಸಿತು. "ಏನಪ್ಪಾ ಮದುಮಗಾ, ನೀ ಗೇಮಿನಾಗ ಎತ್ತಿದ ಕೈಯಂತ. ನಮ್ಮ ಮೊಮ್ಮಗ ಒಂದು ತೋರಿಸ್ಯಾನ, ಅವತ್ತಿಂದ ನನಗ ನಿದ್ದಿ ಇಲ್ಲ. ಆ ಗಾಜಿನ ಪೆಟ್ಟಿಗಿಯಾಗಿಂದ ಎದ್ದು..."

ನಾನು ಕಣ್ಣು ಮಿಟುಕಿಸಿದೆ, ತಲೆ ಅಲ್ಲಾಡಿಸಿದೆ. ಅವರ ಬಾಯಿ ಮುಚ್ಚೋಣವೆಂದರೆ ಎರಡೂ ಕೈಯಲ್ಲಿ ಅಂತರಪಟ. ಅದನ್ನು ಬಿಟ್ಟರೆ ಮುಹೂರ್ತಕ್ಕೆ ಮೊದಲೇ ಇಬ್ಬರೂ ಮುಖ ನೋಡಿಬಿಡುತ್ತಾರೆ. ಜೋರಾಗಿ ಗಂಟಲು ಸರಿಮಾಡಿಕೊಂಡೆ. "ಇವ್ರಿಗೆ ನೀರು ಕೊಡ್ರಿ," ಎಂದು ಪುರೋಹಿತರು ಮುಂದುವರಿಸಿದರು.

ಆ ಕಡೆ ನೋಡಿದರೆ ಹುಡುಗಿ ಎರಡೂ ಕಿವಿ ಗಟ್ಟಿಯಾಗಿ ಮುಚ್ಚಿಕೊಂಡಿದ್ದಳು. ಕೈಯಲ್ಲಿ ಜೀರಿಗೆ ಬೆಲ್ಲ ಇದೆ ಎನ್ನುವುದು ನೆನಪಿಗೆ ಬಂದಿರಲಿಲ್ಲ. ಅರ್ಧ ಬಲಗಿವಿಗೆ, ಅರ್ಧ ಎಡಗಿವಿಗೆ ಮೆತ್ತಿಕೊಂಡಿತ್ತು.

"ನನ್ನ ಪ್ರಕಾರ," ಎಂದರು ಪುರೋಹಿತರು, "ಬಾಗಿಲ ಹಿಂದ ಇರಾದು ಆಕಿ ಗಂಡ. ಇದ್ರಾಗ ಅನುಮಾನನಾ ಇಲ್ಲ."

ಈ ಕಡೆ ನಮ್ಮವನ ಮುಖ ಕೆಂಪಗಾಯಿತು. ತಪ್ಪು ಅಭಿಪ್ರಾಯ, ಅದೂ ಮೈಕಿನಲ್ಲಿ, ಅದೂ ಅನುಮಾನವೇ ಇಲ್ಲದೆ. ತುಟಿ ಬಿಚ್ಚಿತು. ಸಂಬಂಧ ಕೈತಪ್ಪಿತು ಎಂದುಕೊಂಡೆ. ಅಕ್ಕ ಕೂತಲ್ಲೇ ದೇವರನ್ನು ನೆನೆಯತೊಡಗಿದಳು. ಅವನು ನನ್ನನ್ನು ನೋಡಿದ, ಅಂಗೈ ನೋಡಿಕೊಂಡ, ಅಷ್ಟೂ ಜೀರಿಗೆ ಬೆಲ್ಲವನ್ನು ಬಾಯಿಗೆ ತುರುಕಿಕೊಂಡ.

"ಹಾಂ, ಗಳಿಗಿ ಬಂತು. ತಲಿ ಮ್ಯಾಲ ಇಡ್ರಿ," ಎಂದರು ಪುರೋಹಿತರು.

ಹುಡುಗ ಉಬ್ಬಿದ ಕೆನ್ನೆಯಲ್ಲಿ ಬರಿಗೈ ತೋರಿಸಿದ.

"ಎಲ್ಲೈತೋ?"

ಬಾಯಿ ತೋರಿಸಿದ.

"ಅದು ತಿನ್ನಾದಲ್ಲಪ್ಪಾ," ಎಂದರು ಅವರು, ಅಳುವ ಧ್ವನಿಯಲ್ಲಿ.

ಅಂತರಪಟದ ಆ ಕಡೆಯಿಂದ, ಕಿವಿ ಮುಚ್ಚಿಕೊಂಡವರು ಮಾತಾಡುವ ಹಾಗೆ, ಹುಡುಗಿ ಗಟ್ಟಿಯಾಗಿ ಕೇಳಿದಳು: "ಅವ್ರ ಮಾತು ಮುಗಿತೇನ್ರಿ?"

ಅವಳ ಮಾವ ಮುಗಿಯಿತೆಂದು ತಲೆ ಆಡಿಸಿ, ಹುಡುಗ ತನ್ನ ಪಾಲಿನದನ್ನು ತಿಂದುಬಿಟ್ಟನೆಂದೂ ಹೇಳಿದ. ಮತ್ತೆ ಜೀರಿಗೆ ಬೆಲ್ಲ ಅರೆಯಲು ಹೊತ್ತಿರಲಿಲ್ಲ. ಅವಳಿಗೆ ಪರಿಸ್ಥಿತಿ ಅರ್ಥವಾಗಲು ಒಂದು ಕ್ಷಣ ಸಾಕಾಯಿತು. ಎಡಗಿವಿಯದನ್ನು ಬಿಡಿಸಿ ಅಂತರಪಟದ ಕೆಳಗಿನಿಂದ ಅವನ ಕೈಗೆ ಕೊಟ್ಟಳು, ಬಲಗಿವಿಯದನ್ನು ತಾನು ಇಟ್ಟುಕೊಂಡಳು. ಇಬ್ಬರೂ ಒಬ್ಬರ ತಲೆಯ ಮೇಲೊಬ್ಬರು ಇಟ್ಟರು. ಅಂತರಪಟ ಸರಿಸಿದೆವು. ಬೆಲ್ಲದ ಕಿವಿಯ ಹುಡುಗಿ, ಬೆಲ್ಲದ ಕೆನ್ನೆಯ ಹುಡುಗ. ಅವಳು ಬಿದ್ದು ಬಿದ್ದು ನಕ್ಕಳು. ಅವನಿಗೆ ನಗಲು ಬಾಯಿ ಖಾಲಿ ಇರಲಿಲ್ಲ, ಕಣ್ಣಲ್ಲೇ ನಕ್ಕ. ನನಗೆ ಅಳು ಬಂತು, ಸಂತೋಷಕ್ಕೇ. ಇನ್ನೆಷ್ಟು ಹುಡುಕಿದ್ದರೂ ಇವನಿಗೆ ಇಂಥ ಜೋಡಿ ಸಿಗುತ್ತಿರಲಿಲ್ಲ.

ಪುರೋಹಿತರು ಅಕ್ಷತೆ ಹಾಕಿ, ಬೆವರು ಒರೆಸಿಕೊಂಡು, ನನ್ನ ಕಡೆ ಬಗ್ಗಿ ಗುಟ್ಟಿನಲ್ಲಿ ಕೇಳಿದರು: "ಎಲ್ಲಾ ಆತು. ನಾ ಕೇಳಿದ್ದಕ್ಕ ಉತ್ರಾನ ಬರ್ಲಿಲ್ಲಲ್ರೀ. ಬಾಗಿಲ ಹಿಂದ ಯಾರದಾರ?"

ಮೈಕು ಇನ್ನೂ ಚಾಲೂ ಇತ್ತು. ಬಾಯಿ ಬಿಡುವುದಿಲ್ಲ ಎಂದು ನನಗೆ ಮಾತು ಕೊಟ್ಟವರೆಲ್ಲ ಮಂಟಪದ ಮೂಲೆಮೂಲೆಯಿಂದ ಎದ್ದು ನಿಂತು ಒಟ್ಟಿಗೇ ಉತ್ತರ ಹೇಳತೊಡಗಿದರು. ಹುಡುಗಿ ಕೈ ಎತ್ತುವಷ್ಟರಲ್ಲಿ ನಮ್ಮ ಹುಡುಗ ಮುಂದೆ ಬಗ್ಗಿ ತನ್ನ ಎರಡೂ ಕೈಯಿಂದ ಅವಳ ಕಿವಿ ಮುಚ್ಚಿದ. ಫೋಟೋದವನು ಕ್ಲಿಕ್ ಮಾಡಿದ. ಎಲ್ಲರ ಮನೆಯ ಗೋಡೆಯ ಮೇಲೆ ಮದುಮಗ ತಾಳಿ ಕಟ್ಟುವ ಫೋಟೋ ಇರುತ್ತದೆ. ನಮ್ಮ ಅಕ್ಕನ ಮನೆಯ ಗೋಡೆಯ ಮೇಲೆ ಅವನು ಹೆಂಡತಿಯ ಕಿವಿ ಮುಚ್ಚುತ್ತಿದ್ದಾನೆ.