ಬಸವರಾಜನ ಹಾಯಿದೋಣಿ ಟೆಂಡರು

ಮೇ ತಿಂಗಳು ಬಂತೆಂದರೆ ದೆಹಲಿಯ ಕನ್ನಡಿಗರ ಮೇಲೆ ಎರಡು ಬಗೆಯ ದಾಳಿಯಾಗುತ್ತದೆ. ಒಂದು, ರಾಜಸ್ಥಾನದ ಕಡೆಯಿಂದ ಬೀಸುವ ಬಿಸಿಗಾಳಿ. ಇನ್ನೊಂದು, ಕರ್ನಾಟಕದ ಕಡೆಯಿಂದ ರೈಲಿನಲ್ಲಿ ಬರುವ ನೆಂಟರು. ಬಿಸಿಗಾಳಿ ಬಂದರೆ ಕಿಟಕಿ ಮುಚ್ಚಿಕೊಳ್ಳಬಹುದು. ನೆಂಟರು ಬಂದರೆ ಬಾಗಿಲು ತೆರೆಯಲೇಬೇಕು, ತೆರೆದು "ಅಯ್ಯೋ, ಇನ್ನೂ ಎರಡು ದಿನ ಮೊದಲೇ ಬರಬಾರದಿತ್ತೇ!" ಎನ್ನಲೇಬೇಕು.

ದ್ವಾರಕಾದ ಒಂದು ಸೊಸೈಟಿಯ ನಾಲ್ಕನೆಯ ಮಹಡಿಯಲ್ಲಿದ್ದ ಬಸವರಾಜನ ಮನೆ ಇಡೀ ತುಮಕೂರು ಜಿಲ್ಲೆಗೆ ದೆಹಲಿಯ ಅಘೋಷಿತ ಛತ್ರ. ಅವನು ಕೇಂದ್ರ ಸರಕಾರದ ಯಾವುದೋ ಸಚಿವಾಲಯದಲ್ಲಿ ಸೆಕ್ಷನ್ ಆಫೀಸರು. ಬಂದವರಿಗೆಲ್ಲ ತಾಜಮಹಲು ಬೇಕು, ಕುತುಬ್ ಮಿನಾರು ಬೇಕು, ಕರೋಲ್ ಬಾಗಿನ ಸ್ವೆಟರು ಬೇಕು. ಊಟ ಮಾತ್ರ ಊರಿನದೇ ಆಗಬೇಕು. ನಲವತ್ತನಾಲ್ಕು ಡಿಗ್ರಿ ಸೆಕೆಯಲ್ಲಿ ಒಲೆಯ ಮುಂದೆ ನಿಂತು ಅವರಿಗೆಲ್ಲ ಮುದ್ದೆ ತಿರುವಿ ತಿರುವಿ ಬಸವರಾಜನ ಹೆಂಡತಿ ಚಂದ್ರಪ್ರಭಾಳ ರಟ್ಟೆ ಬಿದ್ದುಹೋಗಿತ್ತು.

ಆ ವರ್ಷ ಏಪ್ರಿಲ್‌ನಲ್ಲೇ ಅವಳ ತಂಗಿಯ ಗಂಡ ಚಂದ್ರಮೋಹನ ಫೋನು ಮಾಡಿ, ಸಂಸಾರ ಸಮೇತ ಬರುವುದಾಗಿ ಶುಭ ಸಮಾಚಾರ ತಿಳಿಸಿದ. ಚಂದ್ರಪ್ರಭಾ ಫೋನಿಟ್ಟವಳೇ ಗಂಡನೆದುರು ಬಂದು ನಿಂತಳು.

"ರೀ, ಸರಿಯಾಗಿ ಕೇಳಿಸ್ಕೊಳ್ಳಿ. ಚಂದ್ರಮೋಹನ ಬರಲಿ, ದೇವೇಂದ್ರನೇ ಐರಾವತ ಹತ್ಕೊಂಡು ಬರಲಿ, ಈ ಸಲ ಮೇ ತಿಂಗಳಲ್ಲಿ ನಾನು ಒಲೆ ಮುಂದೆ ನಿಲ್ಲಲ್ಲ. ಎಲ್ಲಿಗಾದ್ರೂ ಕರ್ಕೊಂಡು ಹೋಗಿ. ಅಲ್ಲಿ ನಾನು ಅಡುಗೆ ಮಾಡಬಾರದು, ಅಷ್ಟೇ."

"ನಿನ್ನ ತಂಗಿ ಬರ್ತಾಳೆ ಅಂದ್ರೆ ನಿನಗೆ ಖುಷಿ ಇಲ್ವೇನೇ?"

"ಖುಷಿ ಇಲ್ದೆ ಏನು! ನಮ್ಮಿಬ್ಬರಿಗೂ ಯಾರಾದ್ರೂ ಮಾಡಿ ಬಡಿಸಿದ್ರೆ ಇನ್ನೂ ಖುಷಿ."

ಬಸವರಾಜ ಚಿಂತಾಮಗ್ನನಾದ. ಹೆಂಡತಿಯನ್ನು ಹೊರಗೆ ಕರೆದೊಯ್ಯುವುದೆಂದರೆ ಖರ್ಚು. ಕರೆದೊಯ್ಯದಿದ್ದರೆ ಯುದ್ಧ. ಸಾಲದ್ದಕ್ಕೆ ಕೆಳಗಿನ ಮಹಡಿಯ ಕೇಶವಮೂರ್ತಿ, ಗುಡಗಾಂವಿನ ಕಂಪನಿಯವನು, ಆಗತಾನೆ ಬ್ಯಾಂಕಾಕಿಗೆ ಹೋಗಿಬಂದು ಲಿಫ್ಟಿನಲ್ಲಿ ಸಿಕ್ಕಸಿಕ್ಕವರಿಗೆ ಫೋಟೋ ತೋರಿಸುತ್ತಿದ್ದ. ಹೀಗಿರುವಾಗ ಒಂದು ಭಾನುವಾರ ಪತ್ರಿಕೆಯ ಪುರವಣಿಯಲ್ಲಿ ಬಸವರಾಜನಿಗೆ ಒಂದು ಚಿತ್ರ ಕಂಡಿತು. ನೀಲಿ ಸಮುದ್ರ, ಬಿಳಿ ಹಾಯಿ ಬಿಚ್ಚಿದ ದೋಣಿ, ಮೇಲೆ ಕಾಲು ಚಾಚಿ ಮಲಗಿದ ಜನ. ಅವನಿಗೆ ಜ್ಞಾನೋದಯವಾಯಿತು. ಹಾಯಿದೋಣಿಗೆ ಪೆಟ್ರೋಲು ಬೇಡ, ಗಾಳಿ ಪುಕ್ಕಟೆ! ಮೇಲಾಗಿ, ನಡುಸಮುದ್ರಕ್ಕೆ ಯಾವ ಷಡ್ಡಕನೂ ಆಟೋ ಮಾಡಿಕೊಂಡು ಬರಲಾರ.

"ಹಾಯಿದೋಣಿ ವಿಹಾರ!" ಎಂದು ಘೋಷಿಸಿದ.

ಮಗಳು ಹಂಸಿನಿ ಟೀವಿಯಿಂದ ತಲೆಯೆತ್ತಿದಳು. "ಪಪ್ಪಾ, ಸೇಲಿಂಗ್? ಆದ್ರೆ ನಿಮಗೆ ತೈರ್‌ನಾ ಹೀ ನಹೀಂ ಆತಾ!"

"ಈಜು ಬರದೇ ಇದ್ರೆ ಏನು? ದೋಣಿ ಅಂತ ಮಾಡಿರೋದೇ ಈಜು ಬರದವರಿಗೆ."

ಚಂದ್ರಪ್ರಭಾಳ ಕಣ್ಣರಳಿತು. ಸಮುದ್ರವನ್ನು ಅವಳು ನೋಡಿದ್ದೇ ಇಲ್ಲ. "ನಿಜವಾಗ್ಲೂನಾ ರೀ? ಅಡುಗೆ?"

"ನಿನ್ನ ಕೈಗೆ ಸೌಟು ಕೊಟ್ರೆ ಕೇಳು. ಮಾತು ಅಂದ್ರೆ ಮಾತು!" ಎಂದುಬಿಟ್ಟ. ಮದುವೆಯಾಗಿ ಹದಿನೇಳು ವರ್ಷಗಳಲ್ಲಿ ಅವನು ಕೊಟ್ಟ ಮಾತುಗಳ ಗತಿ ಏನಾಯಿತೆಂದು ಗೊತ್ತಿದ್ದರೂ, ಪಾಪ, ಅವಳು ನಂಬಿದಳು.

ಇಲ್ಲಿ ಬಸವರಾಜನ ಧರ್ಮಶ್ರದ್ಧೆಯ ಬಗ್ಗೆ ಒಂದು ಮಾತು ಹೇಳಬೇಕು. ಅವನ ಸಚಿವಾಲಯದಲ್ಲಿ ಒಂದು ಗುಂಡುಸೂಜಿ ಕೊಳ್ಳಬೇಕಾದರೂ ಮೂರು ಕಡೆಯಿಂದ ಕೊಟೇಶನ್ ತರಿಸಬೇಕು, ಎಲ್ಲಕ್ಕಿಂತ ಕಡಿಮೆ ಹೇಳಿದವನಿಗೇ ಕೊಡಬೇಕು. ಹಾಗೆ ಕೊಂಡ ಕುರ್ಚಿಯಲ್ಲಿ ಕೂತು ಕೂತೇ ಅವನಿಗೆ ಬೆನ್ನುನೋವು ಹತ್ತಿಕೊಂಡಿತ್ತು; ಆದರೂ ನಿಯಮದ ಮೇಲಿನ ಭಕ್ತಿ ಎಳ್ಳಷ್ಟೂ ಕುಂದಿರಲಿಲ್ಲ. ಮನೆಗೆ ಮಿಕ್ಸಿ ಬಂದದ್ದೂ ಹೀಗೆಯೇ, ಮಗಳಿಗೆ ಟ್ಯೂಶನ್ ಮೇಷ್ಟ್ರು ಬಂದದ್ದೂ ಹೀಗೆಯೇ. ("ನನ್ನ ನೋಡೋಕೆ ಬರೋ ಮುಂಚೆ ಇನ್ನಿಬ್ಬರು ಹುಡುಗೀರನ್ನ ನೋಡಿದ್ರಂತಲ್ಲ, ನಾನೂ ಕಮ್ಮಿ ರೇಟಿಗೇ ಸಿಕ್ಕವಳೇನೋ" ಎಂದು ಚಂದ್ರಪ್ರಭಾ ಆಗಾಗ ಚುಚ್ಚುವುದುಂಟು.)

ಹಂಸಿನಿಯಿಂದ ಇಮೇಲ್ ಬರೆಸಿ ಮೂರು ಕೊಟೇಶನ್ ತರಿಸಿದ್ದಾಯಿತು. ಕೊಚ್ಚಿಯವರು ಕ್ಯಾಪ್ಟನ್, ಅಡುಗೆಯವನು, ಹಾಸಿಗೆಗೇ ಬರುವ ಚಹಾ ಎಲ್ಲ ಸೇರಿಸಿ ಒಂದು ಮೊತ್ತ ಹೇಳಿದರು. ಅದನ್ನು ಓದಿ ಬಸವರಾಜ ನೀರು ಕುಡಿದ. ಮುಂಬಯಿಯವರದು ಓದಿ ಇನ್ನೊಂದು ಲೋಟ ಕುಡಿದ. ಗೋವಾದವರು ಮಾತ್ರ, ಸೀಸನ್ ಮುಗಿಯುತ್ತಾ ಬಂದಿದ್ದರಿಂದ, ನಾಲ್ಕು ದಿನಕ್ಕೆ ಎಂಟು ಜನರ ದೋಣಿಯನ್ನು ಕ್ಯಾಪ್ಟನ್ ಸಹಿತ ತೀರ ಅಗ್ಗಕ್ಕೆ ಕೊಡುವುದಾಗಿ ಬರೆದಿದ್ದರು. ಹಗ್ಗ ಎಳೆಯುವುದು, ದೋಣಿ ತೊಳೆಯುವುದು, ಅಡುಗೆ ಮಾಡುವುದು ಇವೆಲ್ಲ ಪ್ರಯಾಣಿಕರ ಪಾಲಿನ 'ಸಾಹಸಮಯ ಅನುಭವ'ವಂತೆ. ಬಸವರಾಜನಿಗೆ ರೋಮಾಂಚನವಾಯಿತು.

"ಅಡುಗೆ ಯಾರು ಮಾಡೋದು?" ಚಂದ್ರಪ್ರಭಾ ಕೇಳಿದಳು.

"ಎಲ್ಲರೂ ಸೇರಿ."

"ಎಲ್ಲರೂ ಅಂದ್ರೆ?"

"ಸಾಮೂಹಿಕವಾಗಿ ಕಣೇ. ಅದನ್ನೆಲ್ಲ ನನಗೆ ಬಿಡು."

ಆ ಮನೆಯಲ್ಲಿ ಸಾಮೂಹಿಕವಾಗಿ ನಡೆಯುವ ಕೆಲಸಗಳನ್ನೆಲ್ಲ ಒಬ್ಬಳೇ ಮಾಡಿ ಅವಳಿಗೆ ರೂಢಿಯಿತ್ತು. ಆದರೂ ಸಮುದ್ರದ ಆಸೆಗೆ ಸುಮ್ಮನಾದಳು.

ಮುಂದಿನ ಉಳಿತಾಯ ಜೀವರಕ್ಷಕ ಜಾಕೆಟ್ಟಿನಲ್ಲಿ. ಗೋವಾದವರು ಅದಕ್ಕೆ ಬೇರೆ ಬಾಡಿಗೆ ಕೇಳಿದ್ದರು. "ಪ್ರಾಣ ನಮ್ಮದು, ಬಾಡಿಗೆ ಅವರಿಗ್ಯಾಕೆ?" ಎಂದು ಬಸವರಾಜ ಸೀದಾ ಸರೋಜಿನಿ ನಗರದ ಮಾರ್ಕೆಟ್ಟಿಗೆ ನಡೆದ. ಅಲ್ಲೊಬ್ಬ ಚಳಿಗಾಲದಲ್ಲಿ ಮಾರಾಟವಾಗದೆ ಉಳಿದ, ಉಬ್ಬುಬ್ಬಿದ, ತೋಳಿಲ್ಲದ ಕಿತ್ತಳೆ ಬಣ್ಣದ ಜಾಕೆಟ್ಟುಗಳನ್ನು ರಾಶಿ ಹಾಕಿಕೊಂಡು ಬೆವರು ಒರೆಸಿಕೊಳ್ಳುತ್ತಿದ್ದ.

"ಭಯ್ಯಾ, ಇದು ಪಾನಿ ಮೇಂ ತೇಲುತ್ತಾ? ತೈರೇಗಾ?"

ಫೆಬ್ರವರಿಯಿಂದ ಗಿರಾಕಿಯ ಮುಖ ಕಾಣದ ಭಯ್ಯಾ ದೇವರ ಮೇಲೆ ಆಣೆ ಇಟ್ಟ. "ಸಾಬ್, ಡೂಬ್ ಗಯೇ ತೋ ಪೈಸಾ ವಾಪಸ್!"

ಮುಳುಗಿದರೆ ಹಣ ವಾಪಸ್ ಎಂಬ ಷರತ್ತು ಬಸವರಾಜನಿಗೆ ನ್ಯಾಯವಾಗಿಯೇ ಕಂಡಿತು. (ಮುಳುಗಿದವನು ಹಣ ಕೇಳಲು ಸರೋಜಿನಿ ನಗರಕ್ಕೆ ಬರುವುದು ಹೇಗೆಂದು ಅವನು ಯೋಚಿಸಲಿಲ್ಲ.) ಮೂರು ಕೊಂಡು ತಂದ.

ಕೊಂಡ ಮಾಲನ್ನು ಪರೀಕ್ಷೆ ಮಾಡುವುದೂ ಸರಕಾರಿ ನಿಯಮವೇ. ಬ್ರಹ್ಮಚಾರಿಯಾಗಿದ್ದಾಗ ಫರೀದಾಬಾದಿನ ಬಡಖಲ್ ಕೆರೆಯಲ್ಲಿ ದೋಣಿ ತುಳಿದ ನೆನಪು ಅವನಿಗಿತ್ತು. ಭಾನುವಾರ ಹೆಂಡತಿ ಮಗಳಿಗೆ ಜಾಕೆಟ್ಟು ತೊಡಿಸಿ, ತಾನೂ ತೊಟ್ಟು, ಪೆಟ್ರೋಲು ಉಳಿಯಲೆಂದು ಏಸಿ ಹಾಕದೆ, ಮಾರುತಿ ಕಾರಿನಲ್ಲಿ ಹೊರಟೇಬಿಟ್ಟ. ತಲುಪಿ ನೋಡುತ್ತಾನೆ, ಕೆರೆಯೇ ಇಲ್ಲ! ಯಾವಾಗಲೋ ಒಣಗಿಹೋಗಿದೆ. ಬಿರುಕು ಬಿಟ್ಟ ನೆಲದ ಮೇಲೆ ಕಾಲೇಜು ಹುಡುಗರು ಕ್ರಿಕೆಟ್ ಆಡುತ್ತಿದ್ದಾರೆ. ಉರಿಬಿಸಿಲಿನಲ್ಲಿ ಕಿತ್ತಳೆ ಜಾಕೆಟ್ಟು ತೊಟ್ಟು, ದಡದಲ್ಲಿ ಸಾಲಾಗಿ ನಿಂತ ಸಂಸಾರವನ್ನು ಕಂಡು ಬೌಲಿಂಗ್ ಮಾಡುತ್ತಿದ್ದವನು ಓಟ ನಿಲ್ಲಿಸಿದ.

"ಅಂಕಲ್, ಕಶ್ಮೀರ್ ಜಾ ರಹೇ ಹೋ ಕ್ಯಾ?"

ಹಂಸಿನಿ ಅವಮಾನದಿಂದ ಕಾರಿನೊಳಗೆ ಹೋಗಿ ತಲೆ ತಗ್ಗಿಸಿ ಕೂತಳು. ಚಂದ್ರಪ್ರಭಾ ಮಾತ್ರ ನಿಂತಲ್ಲೇ ಜಾಕೆಟ್ಟು ಬಿಚ್ಚುತ್ತಾ, "ರೀ, ಗೋವಾದವರಿಗೂ ಒಂದು ಫೋನ್ ಮಾಡಿ ಕೇಳಿಬಿಡಿ. ಅಲ್ಲಿ ಸಮುದ್ರ ಇನ್ನೂ ಇದೆಯಂತಾ?" ಎಂದಳು.

ಇಷ್ಟಾದರೂ ಬಸವರಾಜನ ಉತ್ಸಾಹ ತಗ್ಗಲಿಲ್ಲ. ಆದರೆ ಒಂದು ಚಿಂತೆ ಅವನನ್ನು ಕೊರೆಯುತ್ತಿತ್ತು. ದೋಣಿ ಎಂಟು ಜನರದು, ತಾವು ಮೂವರು. ಐದು ಜಾಗ ಖಾಲಿ! ಖಾಲಿ ಹೋಗುವ ಜಾಗಕ್ಕೂ ತಾನೇ ದುಡ್ಡು ಕೊಡುವುದೇ? ಹೊಟ್ಟೆ ಉರಿದುಹೋಯಿತು. ಕೇಶವಮೂರ್ತಿಯನ್ನು ಕರೆದ, ಅವನು ನಕ್ಕು ಲಿಫ್ಟಿನ ಬಟನ್ ಒತ್ತಿದ. ನಿವೃತ್ತ ಅಧಿಕಾರಿ ಅನಂತಮೂರ್ತಿಗಳನ್ನು ಕರೆದ. ಅವರು, "ಸಮುದ್ರೋಲ್ಲಂಘನ ಆಗುತ್ತಲ್ಲಪ್ಪಾ" ಎಂದು ರಾಗ ಎಳೆದರು. "ಉಲ್ಲಂಘನ ಎಲ್ಲಿ ಸಾರ್, ದಡ ಕಾಣೋ ಹಾಗೇ ಹೋಗೋದು" ಎಂದು ಬಸವರಾಜ ಧರ್ಮಸೂಕ್ಷ್ಮ ಬಿಡಿಸಿದ ಮೇಲೆ, ಕಮೋಡು ಎಂಥದ್ದೆಂದು ವಿಚಾರಿಸಿ, ಬರುವುದಿಲ್ಲ ಎಂದರು.

ಕೊನೆಗೆ ಬಸವರಾಜ ಮಾಡಿದ ಕೆಲಸವನ್ನು ಬುದ್ಧಿ ನೆಟ್ಟಗಿರುವ ಯಾವ ಗಂಡನೂ ಮಾಡಲಾರ. ಆಫೀಸಿನಿಂದ ಕದ್ದು ಚಂದ್ರಮೋಹನನಿಗೇ ಫೋನು ಹಚ್ಚಿದ.

"ಈ ಸಲ ದೆಹಲಿ ಬೇಡ ಕಣಯ್ಯಾ, ಗೋವಾಕ್ಕೆ ಬಾ. ಹೆಂಡತಿ, ಇಬ್ಬರು ಮಕ್ಕಳು, ಅತ್ತೆ ಇಂದಿರಮ್ಮನವರು, ಎಲ್ಲರನ್ನೂ ಕರ್ಕೊಂಡು ಬಾ. ಖರ್ಚು ತಲೆಗಿಷ್ಟು ಅಂತ ಹಂಚ್ಕೊಳ್ಳೋಣ."

"ಬಂದೆ ಅಂತಲೇ ತಿಳ್ಕೊಳ್ಳಿ ಅಣ್ಣಾ! ಸಮುದ್ರದ ಮೇಲೆ ಅತ್ತಿಗೆ ಕೈಯಿನ ಬಸ್ಸಾರು ಮುದ್ದೆ! ಪುಣ್ಯ ಮಾಡಿರಬೇಕು."

ಯಾರ ಕಾಟ ತಪ್ಪಿಸಿಕೊಳ್ಳಲು ಸಮುದ್ರಕ್ಕೆ ಓಡಬೇಕೆಂದಿದ್ದನೋ ಅವರನ್ನೇ ದೋಣಿ ತುಂಬ ಹತ್ತಿಸಿಕೊಂಡು, ಎಷ್ಟು ಉಳಿಯಿತೆಂದು ಬಸವರಾಜ ಹಿಗ್ಗಿ ಹೀರೇಕಾಯಿಯಾದ. ಹೆಂಡತಿಗೆ ಹೇಳಲಿಲ್ಲ. ಗೋವಾಕ್ಕೆ ಹೋದ ಮೇಲೆ ಹೇಗೂ ತಿಳಿಯುತ್ತದಲ್ಲ!

ತಿಳಿಯಲು ಅಷ್ಟು ಹೊತ್ತು ಬೇಕಾಗಲಿಲ್ಲ. ಮರುದಿನ ಸಂಜೆ ತಂಗಿಯದೇ ಫೋನು ಬಂತು. "ಅಕ್ಕಾ, ಎಂಟು ಜನಕ್ಕೆ ರಾಗಿ ಹಿಟ್ಟು ಎಷ್ಟು ತರಲಿ? ದೋಣೀಲಿ ನೀನೇ ಅಡುಗೆ ಮಾಡ್ತೀಯಂತೆ?"

ಚಂದ್ರಪ್ರಭಾ ಗಂಡನ ಕಡೆ ತಿರುಗಿದಳು. ಕಿರುಚಲಿಲ್ಲ, ಅಳಲಿಲ್ಲ. "ಅಚ್ಛಾ!" ಎಂದಳು, ಅಷ್ಟೇ. ಆಮೇಲೆ ಫೋನು ಹಿಡಿದುಕೊಂಡು ಬಾಲ್ಕನಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಕ್ಕ ತಂಗಿಯರ ಮಾತು ಮುಗಿಯುವಷ್ಟರಲ್ಲಿ ಬಸವರಾಜ ಸೋಫಾದ ಮೇಲೆ ಬೆವೆತು ನೀರಾಗಿದ್ದ.

ಎರಡು ದಿನ ಬಿಟ್ಟು ರಾತ್ರಿ ಊಟವಾದ ಮೇಲೆ ಅವಳು ಎದುರಿಗೆ ಬಂದು ಕೂತಳು. "ನಾನೂ ಒಂದು ಕೊಟೇಶನ್ ತರಿಸಿದೀನಿ."

"ನೀನಾ?"

"ನಾನೇ. ಅದೇ ಗೋವಾದವರದು. ಆರು ಜನರ ದೋಣಿ, ಕ್ಯಾಪ್ಟನ್ ಜೊತೆಗೆ ಅಡುಗೆಯವನೂ ಇರ್ತಾನೆ. ನಿಮ್ಮ ಎಂಟು ಜನರ ದೋಣಿಗೆ ಎಷ್ಟೋ, ಇದಕ್ಕೂ ಅಷ್ಟೇ. ಎರಡು ತಲೆ ತೆಗೆದ್ರೆ ಒಬ್ಬ ಅಡುಗೆಯವನು ಬರ್ತಾನೆ. ರೈಲು ಚಾರ್ಜು ಬೇರೆ ಉಳಿಯುತ್ತೆ."

"ಭೇಷ್! ಯಾವ ಎರಡು ತಲೆ?" ಎಂದ ಬಸವರಾಜ, ಉಳಿಯುತ್ತದೆ ಎಂಬ ಮಾತಿಗೆ ಹಿಗ್ಗಿ.

"ನಿಮಗೆ ಈಜು ಬರುತ್ತಾ?"

"ಇಲ್ಲ."

"ಹಗ್ಗ ಎಳೀತೀರಾ?"

"ಬೆನ್ನುನೋವು ಅಲ್ವೇನೇ?"

"ಅಡುಗೆ?"

ಬಸವರಾಜ ಕೆಮ್ಮಿದ.

"ಹಾಗಾದ್ರೆ ದೋಣಿ ಮೇಲೆ ನಿಮಗೇನು ಕೆಲಸ?"

"ಮೇಲ್ವಿಚಾರಣೆ!"

"ಅದಕ್ಕೆ ಕ್ಯಾಪ್ಟನ್ ಇದ್ದಾನೆ. ಚಂದ್ರಮೋಹನನ ಕಥೇನೂ ಇಷ್ಟೇ ಅಂತೆ, ನನ್ನ ತಂಗೀನೂ ವಿಚಾರಿಸಿದಾಳೆ. ನಾನು, ಅವಳು, ಅಮ್ಮ, ಮೂರು ಮಕ್ಕಳು. ಆರಕ್ಕೆ ಆರು ಆಯ್ತು."

"ಪಪ್ಪಾ ಸರ್ಪ್ಲಸ್ ಹೋ ಗಯೇ!" ಎಂದು ಹಂಸಿನಿ ಚಪ್ಪಾಳೆ ತಟ್ಟಿದಳು.

ಬಸವರಾಜ ತನಗೆ ಗೊತ್ತಿದ್ದ ನಿಯಮಗಳನ್ನೆಲ್ಲ ಮನಸ್ಸಿನಲ್ಲೇ ತಿರುವಿಹಾಕಿದ. ಕಡಿಮೆ ಖರ್ಚಿನ ಪ್ರಸ್ತಾಪವನ್ನು ತಳ್ಳಿಹಾಕಲು ಒಂದು ನಿಯಮವೂ ಸಿಗಲಿಲ್ಲ. ಇಪ್ಪತ್ತು ವರ್ಷದ ಅಭ್ಯಾಸಬಲ ನೋಡಿ, "ಮಂಜೂರು" ಎಂಬ ಮಾತು ತಾನಾಗಿ ಬಾಯಿಂದ ಹೊರಬಿತ್ತು.

ಹೆಂಡತಿ ಮಗಳನ್ನು ನಿಜಾಮುದ್ದೀನ್ ಸ್ಟೇಷನ್ನಿನಲ್ಲಿ ಗೋವಾದ ರೈಲಿಗೆ ಹತ್ತಿಸಿ, ಮನೆಗೆ ಬಂದು ಬನಿಯನ್ನಿನಲ್ಲಿ ಫ್ಯಾನಿನ ಕೆಳಗೆ ಮಲಗಿದ್ದ ಬಸವರಾಜನಿಗೆ ಬೆಳಗ್ಗೆ ಕರೆಗಂಟೆ ಕೇಳಿಸಿತು. ಬಾಗಿಲು ತೆರೆದರೆ ಚಂದ್ರಮೋಹನ! ಹಿಂದೆ ಮೂರು ಅಪರಿಚಿತ ಮುಖಗಳು, ನಾಲ್ಕು ಸೂಟ್‌ಕೇಸು.

"ಹೆಂಡತಿ ಇಲ್ಲದ ಮನೇಲಿ ನನಗ್ಯಾರು ಅನ್ನ ಹಾಕ್ತಾರೆ ಅಣ್ಣಾ? ಅದಕ್ಕೇ ಬಂದೆ. ಇವರು ನಮ್ಮ ಆಫೀಸಿನವರು, ತಾಜಮಹಲು ನೋಡಿಲ್ಲ. ನಮಗೆ ಏನೂ ಉಪಚಾರ ಬೇಡ, ಮುದ್ದೆ ಸಾರು ಇದ್ರೆ ಸಾಕು. ಹೋಟೆಲ್ ಊಟ ಇವರಿಗೆ ಆಗಿಬರಲ್ಲ."

ಆಗಿಬರುತ್ತಿದ್ದರೂ ಐದು ಜನರ ಹೋಟೆಲ್ ಬಿಲ್ಲು ಕೊಡುವ ಎದೆ ಬಸವರಾಜನಿಗೆಲ್ಲಿತ್ತು? ಪಂಚೆ ಎತ್ತಿ ಕಟ್ಟಿ ಒಲೆಯ ಮುಂದೆ ನಿಂತ. ಮೊದಲ ದಿನ ಮುದ್ದೆ ಗಂಜಿಯಾಯಿತು, ಎರಡನೆಯ ದಿನ ಗುಂಡುಕಲ್ಲಾಯಿತು. ಅತಿಥಿಗಳು ದೊಡ್ಡ ಮನಸ್ಸಿನವರು. ಮುಖ ಕಿವುಚುತ್ತಲೇ ಎರಡೆರಡು ಸಲ ಹಾಕಿಸಿಕೊಂಡರು. ಬೆಂಕಿಯ ಶಾಖಕ್ಕೆ ಮೈಯೆಲ್ಲ ಬೆವರುಸಾಲೆ ಎದ್ದು, ರಟ್ಟೆ ಸೋತು, ಬಸವರಾಜ ಅಡುಗೆಮನೆಯಲ್ಲಿ ಯಾರಿಗೂ ಕಾಣದ ಹಾಗೆ ಒಂದು ಸಲ ಅತ್ತೂಬಿಟ್ಟ. ಇದನ್ನು ಆ ಪುಣ್ಯಾತ್ಗಿತ್ತಿ ಪ್ರತಿ ಮೇ ತಿಂಗಳೂ ಹೇಗೆ ಮಾಡಿದಳಪ್ಪಾ ಎಂದುಕೊಂಡ. ಅವಳು ಬರುವ ದಿನಕ್ಕಾಗಿ ಬಾಯಿ ಬಾಯಿ ಬಿಟ್ಟ.

ನಾಲ್ಕನೆಯ ದಿನ ಮಧ್ಯಾಹ್ನ ಸಾರು ಕುದಿಯುತ್ತಿರುವಾಗ ಫೋನು ಬಂತು. ಆ ಕಡೆ ಗಾಳಿಯ ಸದ್ದು, ಮಕ್ಕಳ ಕೇಕೆ, ಅತ್ತೆಯವರ ನಗು.

"ರೀ, ಕೇಳಿಸ್ತಿದೆಯಾ? ಎಷ್ಟು ಚೆನ್ನಾಗಿದೆ ಗೊತ್ತಾ! ನಾನು ಕೂತಲ್ಲಿಗೇ ತಟ್ಟೆ ಬರುತ್ತೆ. ಇನ್ನೊಂದು ವಿಷಯ. ಸೀಸನ್ ಮುಗೀತಲ್ಲ, ಮುಂದಕ್ಕೆ ಗಿರಾಕಿ ಯಾರೂ ಇಲ್ವಂತೆ. ಬೇಕಾದ್ರೆ ಇನ್ನೂ ಮೂರು ದಿನ ಇರಿ, ದುಡ್ಡು ಬೇಡ ಅಂತಿದ್ದಾನೆ ಕ್ಯಾಪ್ಟನ್. ಟಿಕೆಟ್ಟೂ ಅವನೇ ಮುಂದಕ್ಕೆ ಹಾಕಿಸ್ತಾನಂತೆ. ಏನು ಹೇಳಲಿ?"

"ಬೇಡ, ಈಗಲೇ ಹೊರಟು ಬಾ" ಎನ್ನಬೇಕೆಂದು ಬಸವರಾಜನ ಪ್ರಾಣವೆಲ್ಲ ನಾಲಗೆಗೆ ಬಂತು. ಆದರೆ ಪುಕ್ಕಟೆಯಾಗಿ ಬಂದದ್ದನ್ನು ಬೇಡವೆಂದು ಆ ನಾಲಗೆಗೆ ಜನ್ಮದಲ್ಲಿ ಅಭ್ಯಾಸವಿರಲಿಲ್ಲ.

"ಪೂರ್ತಿ... ಪುಕ್ಕಟೇನಾ?" ಎಂದು ಕೇಳಿದ, ಸತ್ತ ದನಿಯಲ್ಲಿ.

"ಒಂದು ಪೈಸಾನೂ ಇಲ್ಲ!"

"ಹಾಗಾದ್ರೆ... ಇದ್ದು ಬನ್ನಿ."

ಫೋನಿಟ್ಟು ತಿರುಗಿದರೆ ಅಡುಗೆಮನೆಯ ಬಾಗಿಲಲ್ಲಿ ಚಂದ್ರಮೋಹನ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವನ ಮುಖ ಊರಗಲವಾಗಿತ್ತು.

"ಅವರೇ ಮೂರು ದಿನ ಬರಲ್ಲ ಅಂದ್ಮೇಲೆ ನಾವು ತಾನೆ ಯಾಕೆ ಅವಸರ ಮಾಡೋಣ ಅಣ್ಣಾ? ನಾವೂ ಇದ್ದುಬಿಡ್ತೀವಿ. ಹೇಗೂ ಇಲ್ಲಿ ನಮಗೂ ಪುಕ್ಕಟೇನೇ ಅಲ್ವಾ?"