ಬೈಠಕ್ಕಿನಿಂದ ಬಸ್ ಸ್ಟಾಪಿನವರೆಗೆ

ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ನನ್ನ ಮೊದಲ ಸ್ಯಾಕ್ಸೋಫೋನ್ ಕಚೇರಿಯನ್ನು ಪುಣೆಯ ಕನ್ನಡಿಗರು ಬಹುಕಾಲ ನೆನೆಯುತ್ತಾರೆ ಎಂಬ ಬಗ್ಗೆ ನನಗೆ ಲವಲೇಶವೂ ಸಂಶಯವಿರಲಿಲ್ಲ. ಈಗಲೂ ಇಲ್ಲ!

ಕಚೇರಿಗೆ ಕೆಲವು ದಿನ ಮೊದಲು ನಮ್ಮ ಬಡಾವಣೆಯ ಕನ್ನಡ ಮಂಡಳಿಯ ಕಾರ್ಯದರ್ಶಿ ಕುಲಕರ್ಣಿಯವರು ಮನೆಗೆ ಬಂದರು. ವೇದಿಕೆಯ ಮೇಲೆ ಕಲಾವಿದರನ್ನು ಪರಿಚಯಿಸುವ ಹೊಣೆ ಅವರದು.

“ನಿಮ್ಮ ಸಂಗೀತದ ಹಿನ್ನೆಲೆ ಸ್ವಲ್ಪ ಹೇಳ್ರಿ,” ಎಂದರು.

ನಾನು ಗಂಟಲು ಸರಿಪಡಿಸಿಕೊಂಡೆ. “ನಮ್ಮದು ಸಂಗೀತಗಾರರ ಮನೆತನರೀ. ನಮ್ಮ ತಂದೆಯವರು ಜಮಖಂಡಿ ಬಿಟ್ಟು ಇಲ್ಲಿಗೆ ಬಂದದ್ದೇ ಸಂಗೀತದ ಸಲುವಾಗಿ.”

“ಮದುವಿ ಬ್ಯಾಂಡಿನಾಗ ಕ್ಲಾರಿಯೋನೆಟ್ ಊದ್ತಿದ್ರು,” ಎಂದಳು ಅಡುಗೆಮನೆಯಿಂದ ನನ್ನ ಹೆಂಡತಿ ಶಕುಂತಲಾ.

“ನಾನೂ ಎಳೆ ವಯಸ್ಸಿನಾಗ ಸ್ಯಾಕ್ಸೋಫೋನ್ ಕೈಗೆತ್ತಿಕೊಂಡೆ.”

“ಬ್ಯಾಂಡಿನಾಗ ಅದನ್ನ ಊದಾವ ಮುಂಬೈಗೆ ಓಡಿಹೋಗಿದ್ದ. ಅವನ ಯೂನಿಫಾರ್ಮ್ ಇವರಿಗೆ ಬರೋಬ್ಬರಿ ಆತು.”

“ದೇಹೂ ರೋಡಿನಿಂದ ಶಿರೂರಿನ ತನಕ ಸಾವಿರಾರು ಶ್ರೋತೃಗಳ ಮುಂದ...”

“ಕುದುರಿ ಮುಂದ,” ಎಂದಳು ಶಕುಂತಲಾ. “ಮದುಮಗನ ಕುದುರಿ.”

ಕುಲಕರ್ಣಿಯವರು ಕೆಮ್ಮಿದಂತೆ ಮಾಡಿ ನಕ್ಕರು. ಆದರೆ ನಾಡಗೌಡ ಮಾಸ್ತರರ ಹತ್ತಿರ ನಾನು ರಾಗ ಕಲಿಯುತ್ತಿದ್ದೇನೆ ಎಂದಾಗ ಅಡುಗೆಮನೆಯಿಂದ ತಿದ್ದುಪಡಿ ಬರಲಿಲ್ಲ. ಅದು ನಿಜವಾಗಿತ್ತು. ಅಪ್ಪ ಜೀವನವಿಡೀ ಊದಿದರೂ ಯಾರೂ ಅವರ ಮುಂದೆ ಕೂತು ಕೇಳಿರಲಿಲ್ಲ. ವರಾತದ ಮೆರವಣಿಗೆಯಲ್ಲಿ ಕೂಡುವವನು ಕುದುರೆ ಮೇಲಿನ ಮದುಮಗನೊಬ್ಬನೇ, ಅವನೂ ಸಂಗೀತ ಕೇಳುವ ಸ್ಥಿತಿಯಲ್ಲಿರುವುದಿಲ್ಲ. ಒಮ್ಮೆಯಾದರೂ ಜನ ಕೂತು ಕೇಳಬೇಕು ಎಂಬ ಹಟದಿಂದಲೇ ನಾನು ಮಾಸ್ತರರ ಕಾಲು ಹಿಡಿದಿದ್ದೆ.

“ಬೈಠಕ್ ಅಂದ್ರ ಕೂತು ನುಡಿಸಬೇಕೋ. ಮನ್ಯಾಗ ಕೂತು ರೂಢಿ ಮಾಡ್ಕೋ,” ಎಂದು ಮಾಸ್ತರರು ಮತ್ತೆ ಮತ್ತೆ ಹೇಳಿದ್ದರು. ನಾನು ತಾರಸಿಯ ಮೇಲೆ ಅಡ್ಡಾಡುತ್ತಲೇ ರಿಯಾಜ್ ಮುಗಿಸುತ್ತಿದ್ದೆ. ಕೂಡುವುದಕ್ಕೂ ರಿಯಾಜ್ ಬೇಕೆ!

ಆ ಸಂಜೆ ಸಭಾಗೃಹ ತುಂಬಿತ್ತು. ಮುಖ್ಯ ಅತಿಥಿಗಳಾದ ಮಾಸ್ತರರಿಗೆ ಮೊಣಕಾಲು ಮುಟ್ಟುವ ಹಾರ ಹಾಕಿದರು. ನಾನು ರೇಷ್ಮೆ ಜುಬ್ಬಾ ತೊಟ್ಟು ಚಕ್ಕಳಮಕ್ಕಳ ಹಾಕಿ ಕೂತು, ಕಣ್ಣು ಮುಚ್ಚಿ, ಭೂಪ ರಾಗ ಎತ್ತಿಕೊಂಡೆ.

ಉಸಿರು ಹೊಟ್ಟೆಯ ಮಡಿಕೆಯಲ್ಲೇ ಸಿಕ್ಕಿಕೊಂಡಿತು. ಸ್ಯಾಕ್ಸೋಫೋನಿನಿಂದ ಬಂದ ಮೊದಲ ಸ್ವರ ಕೇಳಿ ಎರಡನೆಯ ಸಾಲಿನವರೊಬ್ಬರು ಎಮ್ಮೆ ಎಲ್ಲಿದೆ ಎಂದು ಕಿಟಕಿಯತ್ತ ನೋಡಿದರಂತೆ. ಕಾಲು ಜೋಮು ಹಿಡಿಯಿತು. ಬೇರೆ ದಾರಿಯಿಲ್ಲದೆ ಎದ್ದು ನಿಂತೆ.

ಆಹಾ! ಭೂಪ ಹರಿಯತೊಡಗಿತು. ಸಭೆ ತಲೆದೂಗಿತು. ಅಷ್ಟರಲ್ಲಿ ತಬಲದ ಶಿಂದೆ ಠೇಕಾ ಹಿಡಿದರು. ಅಲ್ಲಿಗೆ ನನ್ನ ಎಡಗಾಲು ಮುಂದೆ ಹೋಯಿತು. ಒಂಟಿಯಾಗಿ ಬಿಡಲಾಗದೆ ಬಲಗಾಲೂ ಹಿಂಬಾಲಿಸಿತು.

“ಅಹೋ, ಕುಠೆ ಚಾಲಲಾ?” ಎಂದು ಶಿಂದೆ ಕೂಗಿದರು. ಎಲ್ಲಿಗೆ ಹೊರಟೆನೆಂದು ಹೇಳಲು ನನ್ನ ಬಾಯಿ ಖಾಲಿಯಿರಲಿಲ್ಲ. ಗೊತ್ತೂ ಇರಲಿಲ್ಲ!

ಮೆಟ್ಟಿಲಿಳಿದೆ. “ಸರೀರಿ, ದಾರಿ ಬಿಡ್ರಿ!” ಎಂದು ಯಾರೋ ಕುರ್ಚಿಗಳನ್ನು ಪಕ್ಕಕ್ಕೆಳೆದರು. ಸಫಾರಿ ತೊಟ್ಟ ಹಿರಿಯರೊಬ್ಬರು ಎರಡೂ ಕೈ ಎತ್ತಿ ಕುಣಿಯತೊಡಗಿದರು. ಅವರನ್ನು ನೋಡಿ ಅವರ ಮನೆಯವರು, ಮನೆಯವರನ್ನು ನೋಡಿ ಮಂಡಳಿ. ಕೂತು ಕೇಳಲು ಬಂದಿದ್ದ ಅಷ್ಟೂ ಜನರನ್ನು ನಾನೇ ಎಬ್ಬಿಸಿಬಿಟ್ಟಿದ್ದೆ.

ರಾಗ ಮುಗಿಸಿ ಕಣ್ಣು ಪೂರ್ತಿ ತೆರೆದಾಗ ಬಸ್ ಸ್ಟಾಪಿನಲ್ಲಿದ್ದೆ. ಹಿಂದೆ ಇಡೀ ಸಭೆ, ಅದರ ಹಿಂದೆ ಹಾರ್ನ್ ಬಾರಿಸುತ್ತಿರುವ ಬಸ್ಸುಗಳು. ಟ್ರಾಫಿಕ್ ಪೊಲೀಸ್ ಬಂದ.

“ನವರದೇವ ಕುಠೆ ಆಹೆ?” ಮದುಮಗ ಎಲ್ಲಿ ಎಂದು ಕೇಳಿದ.

ಎಲ್ಲರೂ ಎಲ್ಲರ ಮುಖ ನೋಡಿದರು. ಇದ್ದಷ್ಟು ಜನರಲ್ಲಿ ಹಾರ ಹಾಕಿಕೊಂಡವರು ಒಬ್ಬರೇ. ಎಪ್ಪತ್ತು ದಾಟಿದ ನಾಡಗೌಡ ಮಾಸ್ತರರು ಏದುಸಿರು ಬಿಡುತ್ತ ಆಗಷ್ಟೇ ಬಂದು ತಲುಪಿದ್ದರು. ಪೊಲೀಸ್ ಅವರನ್ನು ಮೇಲಿಂದ ಕೆಳಗೆ ನೋಡಿ, ಸೆಲ್ಯೂಟ್ ಹೊಡೆದು, ಕೈಕುಲುಕಿ ಶುಭ ಹಾರೈಸಿದ.

ನಾನು ರಸ್ತೆಯಲ್ಲೇ ಮಾಸ್ತರರ ಕಾಲಿಗೆ ಬಿದ್ದೆ.

“ರಾಗ ಶುದ್ಧ ಇತ್ತೋ,” ಎಂದರು ಅವರು, ಹಾರ ತೆಗೆಯುತ್ತ. “ಆದ್ರ ಈ ವಯಸ್ಸಿನಾಗ ನನಗ ಮದುವಿ ಮಾಡಿಸಿಬಿಟ್ಟೆಲ್ಲೋ!”

ಮರುದಿನ ಬೆಳಿಗ್ಗೆ ಕುಲಕರ್ಣಿಯವರು ಮತ್ತೆ ಬಂದರು. ಬೈಗುಳಕ್ಕೆ ಸಿದ್ಧನಾಗಿ ಕೂತಿದ್ದೆ.

“ನಿಮ್ಮ ಕಾರ್ಯಕ್ರಮ ಇನ್ನೊಮ್ಮೆ ಆಗಬೇಕ್ರಿ,” ಎಂದರು.

ನನ್ನ ಎದೆ ಉಬ್ಬಿತು. “ಯಾವ ರಾಗ ನುಡಿಸ್ಲಿರೀ?”

“ರಾಗ ನಿಮಗ ಬಿಟ್ಟದ್ದು. ಮುಂದಿನ ತಿಂಗಳ ನನ್ನ ಮಗಳ ಮದುವಿ ಅದ. ಹನುಮಪ್ಪನ ಗುಡಿಯಿಂದ ಮಂಗಲ ಕಾರ್ಯಾಲಯದ ತನಕ.”

ನನ್ನೊಳಗಿನ ಕಲಾವಿದ ಘಾಸಿಗೊಂಡ. ಶಾಸ್ತ್ರೀಯ ಸಂಗೀತದ ಘನತೆ, ಗುರುಪರಂಪರೆ, ಕಲಾವಿದನ ಸ್ವಾಭಿಮಾನ ಇವುಗಳ ಕುರಿತು ತೂಕದ ನಾಲ್ಕು ಮಾತು ಹೇಳಲು ಬಾಯಿ ತೆರೆದೆ.

“ಬರ್ತಾರ್ರಿ,” ಎಂದಳು ಶಕುಂತಲಾ, ಅವರ ಮುಂದೆ ಚಹಾ ಇಡುತ್ತ. “ನಡಿಯೂದು ಅವರಿಗೆ ಭಾಳ ಚೊಲೋ ಬರ್ತದ.”